ಮೂರರ ಜಾಗದಲ್ಲಿ ಎರಡು

ಬಂದವನು ಮೊದಲು ಹಿಂಬಾಗಿಲು ಎಲ್ಲಿದೆ ಎಂದು ನೋಡಿದ, ಆಮೇಲೆ ಗಲ್ಲಾದ ಕಡೆ, ಕೊನೆಗೆ ಅವಳ ಕಡೆ. "ಫೋನಿನವರು ನೀವೇನಾ, ಬೆನ್?" ಎಂದು, ಅಕ್ಕ ಎನ್ನುವ ಇಲ್ಲಿಯ ಮಾತು ಸೇರಿಸಿ, ಹಿಂದಿಯಲ್ಲಿ ಕೇಳಿದ. ವಿಂಧ್ಯಾ ಹೌದೆಂದು ತಲೆಯಾಡಿಸಿದಳು. ಅವನು ಕೂರಲಿಲ್ಲ. ಈ ಮೂಲೆ ಬೇಡ, ಬಾಗಿಲ ಹತ್ತಿರದ ಮೇಜಿಗೆ ಹೋಗೋಣವೇ ಎಂದ.

ಮೂಲೆಯ ಮೇಜನ್ನು ಅವಳು ಸುಮ್ಮನೆ ಆರಿಸಿರಲಿಲ್ಲ. ಬೆನ್ನಿಗೆ ಗೋಡೆ, ಎದುರಿಗೆ ಗಲ್ಲಾದಲ್ಲಿ ಕೂತ ವಾಸುದೇವ ಶೆಟ್ಟರು. ಮಣಿನಗರ ಸ್ಟೇಷನ್ನಿನ ಎದುರಿನ ಈ ಉಡುಪಿ ಹೋಟೆಲು ಶೆಟ್ಟರದು. ಕನ್ನಡ ಸಂಘದ ಯುಗಾದಿ ಊಟಕ್ಕೆ ಬಡಿಸುವಾಗ ಅವರ ಪರಿಚಯವಾಗಿತ್ತು. ತಾನು ಕೂಗಿದರೆ ಕನ್ನಡದಲ್ಲಿ ಓಗೊಡುವವರು ಒಬ್ಬರು ಇರಲಿ ಎಂದೇ ಅವಳು ಸ್ಯಾಟಲೈಟ್ ಎಂಬ ಬಡಾವಣೆಯ ಮನೆಯಿಂದ ಇಷ್ಟು ದೂರ ಆಟೋದಲ್ಲಿ ಬಂದಿದ್ದಳು. ಮನೆ ಇರುವ ಕಡೆ ಇವನಿಗೆ ಗೊತ್ತಾಗಬಾರದು ಎಂಬುದೂ ಒಂದು ಕಾರಣ. ಈಗ ಬಾಗಿಲ ಹತ್ತಿರ ಎನ್ನುತ್ತಾನೆ. ಕಸಿದುಕೊಂಡು ಓಡಲು ಅನುಕೂಲ. ಆದರೂ ಇಲ್ಲವೆನ್ನಲು ನೆಪ ಸಿಗದೆ ಎದ್ದಳು. ಶೆಟ್ಟರು ಕುತ್ತಿಗೆ ಉದ್ದ ಮಾಡಿ ನೋಡಿದರು.

ಗಂಡ ಕೃಷ್ಣರಾಜನಿಗೆ ಬ್ಯಾಂಕಿನವರು ಹೊಸ ಫೋನು, ಹೊಸ ನಂಬರು ಕೊಟ್ಟಾಗ, ಮೈಸೂರಿನಲ್ಲಿ ಕೊಂಡಿದ್ದ ಹಳೆಯದನ್ನು ಇಂಟರ್‌ನೆಟ್ಟಿನಲ್ಲಿ ಮಾರುತ್ತೇನೆ ಎಂದು ಹೊರಟವಳು ಅವಳೇ. "ಆಟೋದವನ ಹತ್ರ ಚಿಲ್ರೆ ಕೇಳೋಕೇ ಹಿಂದೆಮುಂದೆ ನೋಡ್ತೀಯ, ನೀನು ಫೋನ್ ಮಾರ್ತೀಯಾ?" ಎಂದು ಅವನು ನಕ್ಕಿದ್ದ. ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದಕ್ಕೇ ಅದು ಹೆಚ್ಚು ಚುಚ್ಚಿತ್ತು. ಗುಜರಾತಿನ ಈ ಊರಿಗೆ ವರ್ಗವಾಗಿ ಬಂದಮೇಲೆ ತರಕಾರಿಯವನು, ಹಾಲಿನವನು ಬಿಟ್ಟರೆ ಅವಳು ಯಾರೊಂದಿಗೂ ತಾನಾಗಿ ಒಂದು ವ್ಯವಹಾರ ಮಾಡಿರಲಿಲ್ಲ. ಇದೊಂದನ್ನು ಒಬ್ಬಳೇ, ಮೋಸಹೋಗದೆ ಮುಗಿಸಿ ಮನೆಗೆ ಹೋಗಬೇಕಿತ್ತು. ಅಷ್ಟೇ.

ಹಾಗೆಂದು ಎಚ್ಚರಿಕೆಯಲ್ಲಿ ಲೋಪ ಮಾಡಿರಲಿಲ್ಲ. ಆ ವೆಬ್‌ಸೈಟಿನಲ್ಲಿ ಮಾರುವವರಿಗೆಂದು ಬರೆದಿದ್ದ ಸೂಚನೆಗಳನ್ನೆಲ್ಲ ಓದಿಕೊಂಡಿದ್ದಳು. ಮನೆಗೆ ಕರೆಯಬೇಡಿ, ಜನ ಇರುವ ಕಡೆ ಭೇಟಿಯಾಗಿ, ಹಗಲಿನಲ್ಲೇ ಹೋಗಿ, ಬೇಕಾದಷ್ಟೇ ಹೇಳಿ. ಮನೆಯ ನಂಬರಿನ ಬದಲು ಮಾರುವ ಫೋನಿನ ನಂಬರನ್ನೇ ಕೊಟ್ಟಿದ್ದಳು. ಈ ಸಮೀರ್ ಎನ್ನುವವನು ಹಿಂದಿನ ದಿನ ಯಾವುದೋ ಎಸ್‌ಟಿಡಿ ಬೂತಿನಿಂದ ಮಾತಾಡಿದ್ದ. ಅವನ ಒಂದೊಂದು ಮಾತೂ ಅವಳಿಗೆ ಅನುಮಾನ ತರಿಸಿತ್ತು. ಹೋಟೆಲಿನ ಒಳಗೆ ಯಾಕೆ, ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಕಡೆ ಜನ ಇರುತ್ತಾರಲ್ಲ ಎಂದಿದ್ದ. ಹಗಲೇ ಬರಬೇಕು, ಸಂಜೆ ತನಗಾಗದು ಎಂದಿದ್ದ. ಯಾವ ಏರಿಯಾ ಎಂದು ಕೇಳಿದರೆ ವಟ್ವಾ ಕಡೆ ಎಂದು ಸುಮ್ಮನಾಗಿದ್ದ. ಅದಕ್ಕೂ ಹೆಚ್ಚಾಗಿ, ನೀವೊಬ್ಬರೇ ಬರುತ್ತೀರಾ, ಜೊತೆಗೆ ಯಾರಾದರೂ ಇರುತ್ತಾರಾ ಎಂದು ಕೇಳಿದ್ದ. ಆ ಪ್ರಶ್ನೆ ಅವಳ ನಿದ್ದೆ ಕೆಡಿಸಿತ್ತು.

ಎದುರಿಗೆ ಕೂತವನು ನೋಡಲು ಸಾಧುವಾಗಿದ್ದ. ಇಪ್ಪತ್ತೈದರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಉಗುರಿನ ಸಂದಿಯಲ್ಲಿ ಹೋಗದ ಕಪ್ಪು. ಫ್ರಿಜ್ಜು, ಕೂಲರು ರಿಪೇರಿ ಮಾಡುತ್ತಾನಂತೆ. ಗಿರಾಕಿಗಳು ಪಕ್ಕದ ಅಂಗಡಿಗೆ ಫೋನು ಮಾಡಿ ಹೇಳಿಟ್ಟರೆ, ಅಂಗಡಿಯವನಿಗೆ ನೆನಪಾದಾಗ ಇವನಿಗೆ ತಿಳಿಯುವುದು. ಅಷ್ಟರಲ್ಲಿ ಬೇರೆಯವನು ಹೋಗಿ ಕೆಲಸ ಮುಗಿಸಿರುತ್ತಾನೆ. ಇದನ್ನೆಲ್ಲ ಅವಳು ಕೇಳದೆಯೇ ಹೇಳಿದ. ಹೇಳುತ್ತಲೇ ಬ್ಯಾಟರಿ ತೆಗೆದು, ಅದರಡಿಯ ಸಣ್ಣ ಅಂಕಿಗಳನ್ನು ಡಬ್ಬಿಯ ಮೇಲಿನ ಅಂಕಿಗಳೊಂದಿಗೆ ಒಂದೊಂದಾಗಿ ಹೊಂದಿಸಿ ನೋಡಿದ. ಆ ಹೊತ್ತಿಗೆ ಅವಳು ಅವನು ಕೊಟ್ಟ ನೋಟುಗಳನ್ನು ಟ್ಯೂಬ್‌ಲೈಟಿಗೆ ಎತ್ತಿ ಹಿಡಿದಿದ್ದಳು. ಇಬ್ಬರೂ ಒಟ್ಟಿಗೇ ತಲೆ ತಿರುಗಿಸಿದಾಗ ಕಣ್ಣು ಸೇರಿದವು. ಅವನಿಗೆ ನಗು ಬಂತು. ಅವಳಿಗೂ ಬಂತು.

ಕಾಫಿ ಬಂತು. ಅವಳು ನೋಟುಗಳನ್ನು ಪರ್ಸಿಗೆ ಹಾಕಿ, ಸಿಮ್ ತೆಗೆದಿಟ್ಟುಕೊಂಡು, ಮೈಸೂರಿನ ಅಂಗಡಿಯ ಬಿಲ್ಲು ಕೊಟ್ಟಳು. ಮುಗಿಯಿತು ಎಂದುಕೊಂಡಳು. ಆದರೆ ಅವನು ಏಳಲಿಲ್ಲ. ಬಿಲ್ಲನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಬೇರೆ ರಾಜ್ಯದ್ದು, ಹೆಸರೂ ಬೇರೆಯವರದು, ಇದೊಂದರಿಂದ ಆಗದು ಎಂದ. ಈ ಫೋನನ್ನು ತನಗೆ ಮಾರಿದ್ದೇವೆ ಎಂದು ಒಂದು ಹಾಳೆಯಲ್ಲಿ ಬರೆದು, ಹೆಸರು ವಿಳಾಸ ಹಾಕಿ ಸಹಿ ಮಾಡಿ ಕೊಡಬೇಕಂತೆ. ಹಾಳೆಯನ್ನೂ ಪೆನ್ನನ್ನೂ ಅವನೇ ತಂದಿದ್ದ.

ವಿಳಾಸ. ಇಷ್ಟು ದೂರ ಬಂದದ್ದು ಅದನ್ನು ಮುಚ್ಚಿಡಲಿಕ್ಕೆ. ಬಿಲ್ಲಿರುವಾಗ ಅದೆಲ್ಲ ಯಾಕೆ, ಎಲ್ಲರೂ ಹೀಗೆಯೇ ಕೊಳ್ಳುತ್ತಾರಲ್ಲ ಎಂದು ಅವಳು ತಡೆದು ತಡೆದು ಕೇಳಿದಳು.

"ಪೊಲೀಸರು ಎಲ್ಲರನ್ನೂ ಕೇಳುವುದಿಲ್ಲ, ಬೆನ್," ಅವನು ದನಿ ಏರಿಸದೆ ಹೇಳಿದ. "ನಮ್ಮನ್ನು ಕೇಳುತ್ತಾರೆ. ಎಲ್ಲಿಂದ ಬಂತು, ಯಾರದು ಅಂತ. ಆಗ ತೋರಿಸಲು ಏನಾದರೂ ಇರಬೇಕು."

'ನಮ್ಮನ್ನು' ಎಂದರೆ ಯಾರನ್ನು ಎಂದು ಅವಳಿಗೆ ಆ ಕ್ಷಣ ಹೊಳೆಯಲಿಲ್ಲ. ಪೆನ್ನಿನ ಮುಚ್ಚಳ ತೆಗೆದು, ಇಂಗ್ಲಿಷಿನಲ್ಲಿ ಎರಡು ಸಾಲು ಬರೆದು, ಕೊಳ್ಳುವವರ ಪೂರ್ತಿ ಹೆಸರೇನು ಎಂದು ಕೇಳಿದಳು. ಅವನು ತನ್ನ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು ಮೂರನ್ನೂ ಇಲ್ಲಿಯವರ ಪದ್ಧತಿಯಂತೆ ಒಂದೇ ಉಸಿರಿನಲ್ಲಿ ಹೇಳಿದ. ಸಮೀರ್ ಅಬ್ದುಲ್‌ರಹೀಮ್ ಮನ್ಸೂರಿ.

ಪೆನ್ನು ಎಲ್ಲೂ ನಿಲ್ಲಲಿಲ್ಲ, ಹೆಸರು ಬರೆಯಿತು. ಆದರೆ ಅವಳ ಬೆನ್ನು ಕುರ್ಚಿಗೆ ಸ್ವಲ್ಪ ಒತ್ತಿಕೊಂಡಿತು. ಅವನು ಅದನ್ನು ನೋಡಿದ. ಮನೆ ಹುಡುಕುವಾಗ ಬ್ರೋಕರು ಸ್ಯಾಟಲೈಟಿನ ಆ ಹೌಸಿಂಗ್ ಸೊಸೈಟಿ ತೋರಿಸಿ ಸೇಫ್ ಏರಿಯಾ, ಸೇಫ್ ಏರಿಯಾ ಎಂದು ಮತ್ತೆ ಮತ್ತೆ ಹೇಳಿದ್ದ. ಅವಳು ಕಳ್ಳಕಾಕರ ಕಾಟವಿಲ್ಲ ಎನ್ನುವ ಮಾತು ಎಂದುಕೊಂಡು ಸಮಾಧಾನಪಟ್ಟಿದ್ದಳು. ಕೋಮುಗಲಾಟೆಯ ಕಾಲದ ಮಾತು ಬಂದರೆ ಸೊಸೈಟಿಯ ಹೆಂಗಸರು ಆ ಕಡೆಯವರು, ಈ ಕಡೆಯವರು ಎಂದಷ್ಟೇ ಹೇಳಿ ಬೇರೆ ಮಾತು ತೆಗೆಯುತ್ತಿದ್ದರು. ಆ ಕಡೆಯವರೊಬ್ಬರ ಎದುರು ಹೀಗೆ ಕೂತು ಕಾಫಿ ಕುಡಿದದ್ದು ಅವಳಿಗೆ ಇದೇ ಮೊದಲು.

ಶೆಟ್ಟರು ಯಾವಾಗ ಎದ್ದು ಬಂದರೋ. ಪಕ್ಕದ ಮೇಜನ್ನು ಒರೆಸುವ ನೆಪದಲ್ಲಿ ನಿಂತು, ಅವಳ ಕಡೆ ನೋಡದೆ, ಕನ್ನಡದಲ್ಲಿ ಹೇಳಿದರು: "ಅಮ್ಮಾ, ವಿಳಾಸ ಎಲ್ಲ ಬರ್ದು ಕೊಡ್ಲಿಕ್ಕೆ ಹೋಗ್ಬೇಡಿ. ಈ ಹುಡುಗ ಒಳ್ಳೆಯವನೇ ಇರ್ಬಹುದು, ನಾನು ಇಲ್ಲ ಹೇಳುದಿಲ್ಲ. ನಾಳೆ ಆ ಫೋನಿಂದ ಯಾರಾದ್ರೂ ಎಂತಾದ್ರೂ ಮಾಡಿದ್ರೆ ಪೊಲೀಸಿನವರು ಬರುದು ನಿಮ್ಮ ಮನೆಗೆ. ನಾವು ಪರಊರಿನವರು. ನಮಗೆ ಎಂತಕ್ಕೆ ಬೇಕು?"

"ಬರೀತೀನಿ ಅಂತ ಹೇಳ್ಬಿಟ್ಟಿದೀನಿ, ಶೆಟ್ರೇ," ಎಂದಳು ವಿಂಧ್ಯಾ.

"ಹೇಳಿದ್ರೆ ಹೇಳಿದ್ದು. ಬಿಲ್ಲು ಕೊಟ್ಟಿದ್ದೀರಲ್ಲ, ಸಾಕು ಹೇಳಿ."

ಸಮೀರ್ ಇಬ್ಬರ ಮುಖವನ್ನೂ ನೋಡುತ್ತಿರಲಿಲ್ಲ. ಕಾಫಿಯ ಲೋಟದ ಅಂಚಿನ ಮೇಲೆ ಬೆರಳಾಡಿಸುತ್ತ ಕೂತಿದ್ದ. ಒಂದು ಅಕ್ಷರ ಕನ್ನಡ ಬಾರದವನು ಎಷ್ಟನ್ನು ತಿಳಿದುಕೊಳ್ಳಬೇಕೋ ಅಷ್ಟನ್ನೂ ತಿಳಿದುಕೊಂಡವನಂತೆ, ಫೋನನ್ನು ಡಬ್ಬಿಯೊಳಗಿಟ್ಟು ಮುಚ್ಚಿ, ಮೇಜಿನ ನಡುವಿಗೆ ಮೆಲ್ಲಗೆ ತಳ್ಳಿದ. "ನಿಮಗೆ ಕಷ್ಟವಾದರೆ ಬೇಡ, ಬೆನ್. ದುಡ್ಡು ವಾಪಸ್ ಕೊಟ್ಟುಬಿಡಿ. ನನಗೇನೂ ಬೇಜಾರಿಲ್ಲ."

ಬೇಜಾರಿಲ್ಲ ಎನ್ನುವಾಗ ಅವನ ಕಣ್ಣು ಡಬ್ಬಿಯ ಮೇಲೇ ಇತ್ತು. ವಿಂಧ್ಯಾ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಹೆಸರು ಬರೆದಳು. ಸೊಸೈಟಿಯ ಹೆಸರು ಬರೆದಳು. ಶೆಟ್ಟರು ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಗಲ್ಲಾದ ಕಡೆ ತಿರುಗಿದರು. ಬಿ ಬ್ಲಾಕು ಎಂದು ಬರೆದಳು. 304 ಎಂದು ಬರೆಯಬೇಕಾದ ಕಡೆ ಪೆನ್ನು 204 ಎಂದು ಬರೆಯಿತು. ತಪ್ಪಾಯಿತು ಎಂದು ಆಗಲೇ ಗೊತ್ತಾಯಿತು. ಮೂರನ್ನು ಎರಡಾಗಿಸಿದ್ದು ಪೆನ್ನಲ್ಲ ಎಂದೂ ಗೊತ್ತಾಯಿತು. ತಿದ್ದಲಿಲ್ಲ. ಕೆಳಗೆ ಸಹಿ ಮಾಡಿದಳು. ಸಹಿ ಮಾತ್ರ ಅವಳದೇ, ಕಾಲೇಜಿನಿಂದ ಬಂದದ್ದು, ಕೊನೆಯಲ್ಲಿ ಬಾಲ ಇರುವಂಥದ್ದು.

ಅವನು ಹಾಳೆಯ ಮೇಲೆ ಉಫ್ ಎಂದು ಊದಿ ಶಾಯಿ ಆರಿಸಿದ. ಜೇಬಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದ. ಅದರಲ್ಲಿ ರೇಷನ್ ಕಾರ್ಡಿನ ಜೆರಾಕ್ಸು, ವೋಟರ್ ಕಾರ್ಡು, ಯಾವುದೋ ಸರ್ಟಿಫಿಕೇಟು ಇದ್ದವು. ಅವುಗಳ ನಡುವೆ ಹಾಳೆಯನ್ನು ಮುದುಡದಂತೆ ಮಡಿಸಿ ಸೇರಿಸಿದ. ಕಾಫಿಯ ದುಡ್ಡನ್ನು ತಾನೇ ಕೊಡುತ್ತೇನೆಂದು ಹಟ ಹಿಡಿದು ಕೊಟ್ಟ. ಹೊರಟಾಗ, ನಿಮ್ಮ ಮನೆಯ ಫ್ರಿಜ್ಜಿಗೆ ಏನಾದರೂ ಆದರೆ ನನಗೇ ಫೋನ್ ಮಾಡಿ ಎಂದು ಹೇಳಿ, ಫೋನಿಗಿನ್ನೂ ನಂಬರು ಬಂದಿಲ್ಲ ಎಂಬುದು ನೆನಪಾಗಿ ನಕ್ಕ. ರಸ್ತೆ ದಾಟುವಾಗ ಡಬ್ಬಿಯನ್ನು ಎದೆಗೆ ಒತ್ತಿಹಿಡಿದಿದ್ದ.

ಆಟೋದಲ್ಲಿ ಕೂತಾಗ ಹಾಯೆನಿಸಬೇಕಿತ್ತು. ದುಡ್ಡು ಪರ್ಸಿನಲ್ಲಿದೆ, ನೋಟುಗಳೆಲ್ಲ ಸರಿಯಿವೆ, ಸರಿಯಾದ ವಿಳಾಸ ಯಾರಿಗೂ ಸಿಕ್ಕಿಲ್ಲ. ಎಲ್ಲ ಅವಳು ಬಯಸಿದಂತೆಯೇ ಆಗಿತ್ತು. ಆದರೆ ಸ್ಟೇಷನ್ನಿನಲ್ಲಿ ಭೇಟಿಯಾಗೋಣ ಎಂದದ್ದು, ಹಗಲೇ ಆಗಬೇಕು ಎಂದದ್ದು, ನೀವೊಬ್ಬರೇ ಬರುತ್ತೀರಾ ಎಂದು ಕೇಳಿದ್ದು, ಬಾಗಿಲ ಬಳಿಯ ಮೇಜು, ಒಂದೊಂದಾಗಿ ಅವಳ ಮನಸ್ಸಿಗೆ ಬರತೊಡಗಿದವು. ವೆಬ್‌ಸೈಟಿನ ಆ ಸೂಚನೆಗಳನ್ನು ಅವನೂ ಓದಿಕೊಂಡಿದ್ದನೇನೋ. ಅಥವಾ ಅವನಿಗೆ ಓದುವ ಅಗತ್ಯವೇ ಇರಲಿಲ್ಲವೇನೋ.

ಸಂಜೆ ಕೃಷ್ಣರಾಜ ಸೂರತ್ತಿನಿಂದ ಮನೆಯ ನಂಬರಿಗೆ ಫೋನ್ ಮಾಡಿದ. ಇನ್‌ಸ್ಪೆಕ್ಷನ್ನಿಗೆಂದು ಹೋಗಿದ್ದ. ಮಾರಿದೆ ಎಂದಳು. "ಪರವಾಗಿಲ್ವೆ! ಪೂರ್ತಿ ದುಡ್ಡು ಕೊಟ್ನಾ? ಮನೆ ಎಲ್ಲಿ ಅಂತ ಹೇಳಿಲ್ಲ ತಾನೇ?"

"ಇಲ್ಲ."

"ಭೇಷ್. ನಾನೇ ಹೋಗಿದ್ರೂ ಇಷ್ಟು ಜೋಪಾನವಾಗಿ ಮಾಡ್ತಿರ್ಲಿಲ್ಲ ಬಿಡು."

ಈ ಮಾತು ಕೇಳಬೇಕೆಂದೇ ಅವಳು ಹೊರಟದ್ದು. ಫೋನಿಟ್ಟು, ಮಾರಾಟವಾಯಿತು ಎಂದು ಹಾಕಲು ಕಂಪ್ಯೂಟರಿನ ಮುಂದೆ ಕೂತಳು. ಡಯಲಪ್ ಇಂಟರ್‌ನೆಟ್ಟು ಕಿರುಗುಟ್ಟಿ ಕೊನೆಗೂ ಸೇರಿತು. ಅವಳ ಹೆಸರಿನ ಕೆಳಗೆ ಈವರೆಗೆ ಖಾಲಿಯಿದ್ದ ಕಡೆ ಒಂದು ಸಾಲು ಬಂದಿತ್ತು. ಆ ಸೈಟಿನಲ್ಲಿ ಕೊಂಡವರು ಮಾರಿದವರ ಬಗ್ಗೆ ನಾಲ್ಕು ಮಾತು ಬರೆಯಬಹುದು, ಮುಂದೆ ಬರುವವರಿಗೆ ಅದೇ ಭರವಸೆ. ಸಮೀರ್ ಯಾವುದೋ ಸೈಬರ್ ಕೆಫೆಯಲ್ಲಿ ಕೂತು ಬರೆದಿದ್ದ. ಇಂಗ್ಲಿಷಿನಲ್ಲಿ ಅಲ್ಲಲ್ಲಿ ತಪ್ಪಿದ್ದವು. ಫೋನ್ ಚೆನ್ನಾಗಿದೆ, ಪ್ರಾಮಾಣಿಕ ಹೆಂಗಸು, ಕೇಳಿದ ಕೂಡಲೇ ಮನೆಯ ವಿಳಾಸದೊಂದಿಗೆ ಕಾಗದ ಬರೆದುಕೊಟ್ಟರು, ಇವರಿಂದ ಯಾರೂ ಹೆದರದೆ ಕೊಳ್ಳಬಹುದು.

ಅವಳು ಉತ್ತರ ಬರೆಯಲು ಹೊರಟಳು. ನಂಬರು ಬರೆಯುವಾಗ ತಪ್ಪಾಗಿದೆ ಎಂದು ಬರೆದು ಅಳಿಸಿದಳು. ತಪ್ಪಾಗಿದೆ ಎಂದರೆ ಅದೂ ಇನ್ನೊಂದು ಸುಳ್ಳು. ತಪ್ಪಾಗಿ ಬರೆದದ್ದಲ್ಲ ಎಂದು ಬರೆಯಲು ಎಷ್ಟು ಹುಡುಕಿದರೂ ಮಾತು ಸಿಗಲಿಲ್ಲ. ಅಷ್ಟರಲ್ಲಿ ಸಂಪರ್ಕ ತಪ್ಪಿಹೋಯಿತು. ಇದ್ದರೂ ಏನು? ಅವನ ಪ್ಲಾಸ್ಟಿಕ್ ಚೀಲದೊಳಗಿನ ಹಾಳೆ ಹಾಗೆಯೇ ಇರುತ್ತಿತ್ತು. ಎಂದೋ ಒಂದು ದಿನ ಯಾರೋ ಅದನ್ನು ಬಿಡಿಸಿ ಓದಿ, ಇಲ್ಲಿಗೆ ಬಂದು ಕೆಳಗಿನ ಮನೆಯ ಬೆಲ್ ಒತ್ತುತ್ತಾರೆ. ಅಂಥವರು ಯಾರೂ ಇಲ್ಲಿಲ್ಲ ಎಂದು ಆ ಮನೆಯವರು ಹೇಳುತ್ತಾರೆ. ಅವರು ಹೇಳುವುದು ನಿಜವೇ. ಅವನ ಮೇಲೆ ಕಳ್ಳತನ ಹೊರಿಸಲು ಅಷ್ಟು ಸಾಕು.

ವಿಂಧ್ಯಾ ಮನೆಗೆ ಬೀಗ ಹಾಕಿ ಒಂದು ಮಹಡಿ ಇಳಿದಳು. ಬಂದಂದಿನಿಂದ ಈ ಬಾಗಿಲ ಮುಂದೆಯೇ ಹತ್ತಿ ಇಳಿದಿದ್ದರೂ ಒಳಗಿರುವವರ ಹೆಸರು ಅವಳಿಗೆ ಗೊತ್ತಿರಲಿಲ್ಲ. ಬೆಲ್ ಒತ್ತಿದಳು. ಒಳಗೆ ಟಿವಿಯ ಸದ್ದು ನಿಂತಿತು. ಬಾಗಿಲು ಸರಪಳಿ ಬಿಟ್ಟಷ್ಟೇ ತೆರೆದು ನಿಂತಿತು. ಸಂದಿಯಲ್ಲಿ ವಯಸ್ಸಾದ ಹೆಂಗಸಿನ ಅರ್ಧ ಮುಖ, ಸರಪಳಿಯ ಮೇಲೆ ಹಿಟ್ಟು ಮೆತ್ತಿದ ಬೆರಳು. ಯಾರೆಂದು ಗುಜರಾತಿಯಲ್ಲಿ ಕೇಳಿದರು.

ಮೇಲಿನ ಮನೆಯವಳು ಎಂದಳು ಹಿಂದಿಯಲ್ಲಿ. ಆ ಕಣ್ಣು ಅವಳನ್ನು ಬೈತಲೆಯಿಂದ ಚಪ್ಪಲಿಯವರೆಗೆ ನೋಡಿತು. ಯಾರಾದರೂ ಒಂದು ಕಾಗದ ಹಿಡಿದು ವಿಂಧ್ಯಾ ಎಂದು ಕೇಳಿಕೊಂಡು ಬಂದರೆ ಇಲ್ಲವೆನ್ನಬೇಡಿ, ಮೇಲಕ್ಕೆ ಕಳಿಸಿ ಎಂದು ಕೇಳಿಕೊಂಡಳು.

"ಯಾರು ಬರುತ್ತಾರೆ? ನಮ್ಮ ಮನೆಗೆ ಯಾಕೆ ಬರುತ್ತಾರೆ?"

ಸರಪಳಿ ಬಿಗಿದೇ ಇತ್ತು. ವಿಂಧ್ಯಾ ಮೆಟ್ಟಿಲ ದೀಪ ತನ್ನ ಮುಖದ ಮೇಲೆ ಬೀಳುವಂತೆ ಒಂದು ಹೆಜ್ಜೆ ಹಿಂದೆ ಸರಿದು ನಿಂತು, ಗೊತ್ತಿದ್ದಷ್ಟು ಹಿಂದಿಯಲ್ಲಿ, ಮೊದಲಿನಿಂದ ಹೇಳತೊಡಗಿದಳು.