ನಾನೂರ ಎಪ್ಪತ್ತನೆಯ ಸಾಲು

ಹಲ್ಲು ಕೀಳಿಸಿಕೊಂಡವರು ಆ ದಿನ ಮನೆಯಲ್ಲಿ ತೆಪ್ಪಗೆ ಬಿದ್ದುಕೊಂಡಿರಬೇಕು. ಡಾಕ್ಟರು ಹೇಳಿದ್ದೂ ಅದನ್ನೇ: ಹತ್ತಿಯನ್ನು ಗಟ್ಟಿಯಾಗಿ ಕಚ್ಚಿಕೊಂಡಿರಿ, ಸಂಜೆಯವರೆಗೆ ಮಾತು ಬೇಡ. ಆದರೆ ತಿದ್ದಕ್ಕ ಯಾರ ಮಾತು ಕೇಳಿದವಳು? ಎರಡು ಗಂಟೆಗೆ ಸರಿಯಾಗಿ, ಊದಿದ ಕೆನ್ನೆ ಹೊತ್ತುಕೊಂಡು, ಪಕ್ಕದ ಬೀದಿಯಲ್ಲಿದ್ದ ತಮ್ಮನ ಮನೆಯ ಬೆಲ್ ಒತ್ತಿಯೇ ಬಿಟ್ಟಳು.

ತಿದ್ದಕ್ಕ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ತಮ್ಮ ಇಟ್ಟದ್ದು. ಮೂವತ್ತೆಂಟು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವಳು ಅವಳು. ಅಂಗಡಿಯ ಬೋರ್ಡಾಗಲಿ, ಔಷಧಿಯ ಚೀಟಿಯಾಗಲಿ, ತಪ್ಪು ಹುಡುಕದೆ ಓದುವುದು ಅವಳಿಗೆ ಗೊತ್ತೇ ಇರಲಿಲ್ಲ. ಕೆಲಸ ಬಿಟ್ಟು ನಾಲ್ಕು ವರ್ಷವಾದರೂ ಕೈಚೀಲದಲ್ಲಿ ಕೆಂಪು ಪೆನ್ಸಿಲು ಇದ್ದೇ ಇರುತ್ತಿತ್ತು. ತಮ್ಮ ಬಸ್ ಡ್ರೈವರಾಗಿದ್ದವನು. ಮೂವತ್ತಾರು ವರ್ಷದಲ್ಲಿ ಒಂದು ಕೋಳಿಗೂ ಗಾಡಿ ತಾಗಿಸಿದವನಲ್ಲ ಎಂದು ಡಿಪೋದವರು ಕೊಟ್ಟ ಫಲಕ ಟಿವಿಯ ಮೇಲುಗಡೆ ಗೋಡೆಯಲ್ಲಿ ತೂಗುತ್ತಿತ್ತು. ಹೆಂಡತಿ ತೀರಿಕೊಂಡ ಮೇಲೆ ಅವನು ಮಗಳ ಮನೆಯಲ್ಲಿದ್ದ. ಮಗಳು ಆಸ್ಪತ್ರೆಯ ಲ್ಯಾಬಿನ ಕೆಲಸಕ್ಕೆ ಬೆಳಗ್ಗೆಯೇ ಹೊರಟುಬಿಡುತ್ತಿದ್ದಳು. ಆರು ವರ್ಷದ ಮೊಮ್ಮಗಳನ್ನು ಕಾರಿನಲ್ಲಿ ಶಾಲೆಗೆ ಬಿಡುವುದು, ಮೂರೂ ಮುಕ್ಕಾಲಿಗೆ ಕರೆತರುವುದು ಅವನ ಕೆಲಸ. ಆ ಕೆಲಸವೇ ಅವನ ಉಸಿರು ಎಂದರೂ ತಪ್ಪಿಲ್ಲ.

ಎರಡರಿಂದ ಮೂರೂವರೆಯವರೆಗೆ ಅಕ್ಕ ತಮ್ಮಂದಿರ ವಿಡಿಯೋ ಗೇಮು. ಮಗಳು ತನಗೆಂದು ಕೊಂಡ ಆಟದ ಪೆಟ್ಟಿಗೆ ಈ ಇಬ್ಬರ ಪಾಲಾಗಿ ವರ್ಷವಾಗಿತ್ತು. ಗೋಡೆ ಹತ್ತಿ ಹಾರುವ ಆಟದಲ್ಲಿ ತಿದ್ದಕ್ಕನದೇ ಮೇಲುಗೈ; ಪಾತಾಳಕ್ಕೆ ಬಿದ್ದಾಗಲೆಲ್ಲ "ಅಯ್ಯಯ್ಯೋ" ಎಂದು ಸೋಫಾದಿಂದಲೇ ಕಾಲೆತ್ತುತ್ತಿದ್ದಳು. ಕಾರಿನ ಆಟ ಮಾತ್ರ ತಮ್ಮನದು. ಅವನು ಓಡಿಸುವುದು, ಅವಳು ಅವನ ಎಡಕ್ಕೆ ಕೂತು ಓದುವುದು. ಹೌದು, ಓದುವುದೇ. ಅಚ್ಚುಕೂಟದಲ್ಲಿ ಇಬ್ಬರು ಎದುರು ಬದುರು ಕೂತು, ಒಬ್ಬರು ಮೂಲಪ್ರತಿಯನ್ನು ಚುಕ್ಕಿ ಗೆರೆ ಬಿಡದೆ ಗಟ್ಟಿಯಾಗಿ ಓದಿದರೆ ಇನ್ನೊಬ್ಬರು ಕರಡು ನೋಡುತ್ತಿದ್ದರು. ಆ ಚಾಳಿ ಅವಳಿಗೆ ಅಂಟಿಕೊಂಡುಬಿಟ್ಟಿತ್ತು. "ಎಡಗಡೆ ಲಾರಿ, ಅಲ್ಪವಿರಾಮ, ಎಡಗಡೆ ಬೈಕು, ಪೂರ್ಣವಿರಾಮ!" ಎಂದು ಅವಳು ಒದರುತ್ತಿದ್ದರೆ ತಮ್ಮ ನಗುತ್ತ ತಪ್ಪಿಸಿಕೊಂಡು ಹೋಗುತ್ತಿದ್ದ.

"ಇವತ್ತೇನು ಮೌನವ್ರತಾನಾ?" ಬಾಗಿಲು ತೆಗೆದವನೇ ತಮ್ಮ ಕೇಳಿದ. "ಬಾ ಬಾ. ಒಂದು ದಿನವಾದ್ರೂ ಈ ಮನೇಲಿ ನೆಮ್ಮದಿ."

ಅವಳು ಬಾಯಿ ಮುಚ್ಚಿಕೊಂಡೇ ಅವನ ತಲೆಗೆ ಮೊಟಕಿ ತನ್ನ ಜಾಗದಲ್ಲಿ ಕೂತಳು. ಕಾರಿನ ಆಟ ಶುರುವಾಯಿತು. ಮೊದಲ ತಿರುವಿನಲ್ಲೇ ಎಡಗಡೆಯಿಂದ ಬಂದ ಲಾರಿಗೆ ತಮ್ಮ ನೇರವಾಗಿ ಗುದ್ದಿದ. ಎದ್ದು ಹೊರಟ, ಮತ್ತೆ ಎಡಗಡೆಯ ವ್ಯಾನು. ಅವಳಿಗೆ ನಗು ಬಂತು, ಹತ್ತಿ ಅಡ್ಡ ಬಂತು. ಮೂರನೆಯ ಸಲ, ನಾಲ್ಕನೆಯ ಸಲ. ಯಾವತ್ತೂ ಮೊದಲ ಮೂವರೊಳಗೆ ಬರುತ್ತಿದ್ದವನು ಕೊನೆಯವನಾದ.

"ಈ ರಿಮೋಟು ಕೆಟ್ಟು ಕೂತಿದೆ," ಎಂದು ಅದನ್ನು ತೊಡೆಗೆ ಬಡಿದ. "ಹಳೇ ಕಾಲದ್ದೇ ವಾಸಿ. ಮಾವ ತಂದ ಆ ಡಬ್ಬ ನೆನಪಿದ್ಯಾ ಅಕ್ಕ? ಅದ್ರಲ್ಲಿ ನನ್ನ ಹೊಡೆಯೋನು ಯಾರಿದ್ದ ಹೇಳು!"

ನೆನಪಿಲ್ಲದೆ ಏನು. ನಲವತ್ತೆರಡು ವರ್ಷದ ಹಿಂದಿನ ಮಾತು. ಹಡಗಿನಲ್ಲಿ ಕೆಲಸಕ್ಕಿದ್ದ ಸೋದರಮಾವ ಬರೀ ಕೀಲಿಮಣೆಯಂತಿದ್ದ ಒಂದು ಕಂಪ್ಯೂಟರು ತಂದು, ಜೊತೆಗೆ ಒಂದು ಪತ್ರಿಕೆಯನ್ನೂ ಕೊಟ್ಟು ಹೋಗಿದ್ದ. ಅದನ್ನು ಟಿವಿಗೆ ಸಿಕ್ಕಿಸಬೇಕು. ಆಟ ಬೇಕೆಂದರೆ ಪತ್ರಿಕೆಯಲ್ಲಿ ಹತ್ತು, ಇಪ್ಪತ್ತು, ಮೂವತ್ತು ಎಂದು ಅಂಕೆ ಹಾಕಿ ಅಚ್ಚಾದ ಸಾಲುಗಳನ್ನು ಒಂದೊಂದಾಗಿ ಬೆರಳಚ್ಚು ಮಾಡಬೇಕು, ಮಾಡಿದ್ದನ್ನು ಕ್ಯಾಸೆಟ್ಟಿಗೆ ತುಂಬಿಕೊಳ್ಳಬೇಕು. ಆಗಷ್ಟೇ ಅಚ್ಚುಕೂಟ ಸೇರಿದ್ದ ಅವಳು ಓದಿದಳು. ಹತ್ತೊಂಬತ್ತರ ತಮ್ಮ ಕುಟ್ಟಿದ. ಎರಡು ದಿನ ಊಟ ತಿಂಡಿಯ ಪರಿವೆಯಿಲ್ಲ. ಕೊನೆಗೆ ಪರದೆಯ ಮೇಲೆ ಒಂದು ರಸ್ತೆ, ಅದರಲ್ಲಿ ಬೆಂಕಿಪೆಟ್ಟಿಗೆಯಂತಹ ಒಂದು ಕಾರು ಬಂದಾಗ ಇಬ್ಬರೂ ಕೈಕೈ ಹಿಡಿದು ಕುಣಿದಿದ್ದರು.

ಆ ತಮ್ಮ ಆಗ ಎರಡು ಸಲ ಡ್ರೈವಿಂಗ್ ಪರೀಕ್ಷೆಯಲ್ಲಿ ಫೇಲಾಗಿ, ಅಪ್ಪನ ಬಾಯಲ್ಲಿ ದಂಡಪಿಂಡ ಎನಿಸಿಕೊಂಡು ಮೂಲೆ ಸೇರಿದ್ದವನು. ಆಟದಲ್ಲಿ ಅವನನ್ನು ಹಿಡಿಯುವವರೇ ಇರಲಿಲ್ಲ. ಬೀದಿಯವರೆಲ್ಲ ಬಂದು ಬಾಯಿಬಿಟ್ಟುಕೊಂಡು ನೋಡಿದರು. ಬೀರುವಿನ ಬಾಗಿಲ ಒಳಗಡೆ ಸೀಮೆಸುಣ್ಣದಲ್ಲಿ ತನ್ನ ಅಂಕ ಬರೆದುಕೊಂಡ. ಆ ಧೈರ್ಯದಲ್ಲೇ ಮೂರನೆಯ ಸಲ ಪರೀಕ್ಷೆಗೆ ಹೋದ, ಪಾಸಾಗಿಯೇ ಬಂದ. ಅಲ್ಲಿಂದ ಮುಂದೆ ಲಾರಿ, ಬಸ್ಸು, ಗೋಡೆಯ ಮೇಲಿನ ಫಲಕ. ಈ ಕತೆಯನ್ನು ಅವನು ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದ.

ತಿದ್ದಕ್ಕ ಹೇಳದೆ ಉಳಿಸಿಕೊಂಡ ಭಾಗವೊಂದಿತ್ತು. ಆಟ ಶುರುವಾದ ನಾಲ್ಕನೆಯ ದಿನ ಪತ್ರಿಕೆ ತಿರುವುತ್ತಿದ್ದಾಗ ತಪ್ಪು ಅವಳ ಕಣ್ಣಿಗೆ ಬಿದ್ದಿತ್ತು. ನಾನೂರ ಅರವತ್ತು, ನಾನೂರ ಎಪ್ಪತ್ತು, ಎರಡು ಸಾಲುಗಳೂ ಒಂದೇ ರೀತಿ ಶುರುವಾಗಿದ್ದವು. ಅವಳ ಕಣ್ಣು ಒಂದರಿಂದ ಹಾರಿ ನಾನೂರ ಎಂಬತ್ತಕ್ಕೆ ಹೋಗಿತ್ತು. ಬಿಟ್ಟುಹೋದ ನಾನೂರ ಎಪ್ಪತ್ತೇ ರಸ್ತೆಗೆ ಎಡಗಡೆಯಿಂದ ಗಾಡಿಗಳನ್ನು ಬಿಡುವ ಸಾಲು. ಹಾಗಾಗಿ ತಮ್ಮನ ಆಟದಲ್ಲಿ ಬಲಗಡೆಯ ಗಾಡಿಗಳು ಮಾತ್ರ ಬರುತ್ತಿದ್ದವು. ಅರ್ಧ ರಸ್ತೆ ಖಾಲಿ! ಇನ್ನು ಯಾರು ತಾನೇ ಗೆಲ್ಲುವುದಿಲ್ಲ? ಆದರೆ ಆ ಹೊತ್ತಿಗೆ ತಮ್ಮ ನಗಲು ಶುರುಮಾಡಿದ್ದ. ಅವಳು ಪತ್ರಿಕೆ ಮುಚ್ಚಿಟ್ಟಳು. ಕಂಡೂ ತಿದ್ದದೆ ಬಿಟ್ಟ ತಪ್ಪು ಅವಳ ಜನ್ಮದಲ್ಲಿ ಅದೊಂದೇ.

ಪರದೆಯ ಮೇಲೆ ತಮ್ಮನ ಕಾರು ಮತ್ತೆ ಪಲ್ಟಿ ಹೊಡೆಯಿತು. ಈ ಸಲ ಅವಳಿಗೆ ನಗು ಬರಲಿಲ್ಲ. ಚೀಲದಿಂದ ಕೆಂಪು ಪೆನ್ಸಿಲು ತೆಗೆದು, ಮಾತ್ರೆಯ ಕವರಿನ ಹಿಂದೆ ಉದ್ದಕ್ಕೆ ಒಂದು ಗೆರೆ ಎಳೆದಳು. ಎಡಕ್ಕೆ ಗುದ್ದಿದರೆ ಗೆರೆಯ ಎಡಕ್ಕೊಂದು ಗುರುತು, ಬಲಕ್ಕಾದರೆ ಬಲಕ್ಕೆ. ಮೂರು ಪಂದ್ಯ ಮುಗಿದವು. ಎಡಗಡೆ ಹತ್ತೊಂಬತ್ತು ಗುರುತು. ಬಲಗಡೆ ಒಂದೂ ಇಲ್ಲ.

ತಮ್ಮನೆದುರಿನ ನೀರಿನ ಲೋಟವನ್ನು ಅವಳು ಮೆಲ್ಲಗೆ ಅವನ ಎಡಕ್ಕೆ ಸರಿಸಿದಳು. ಸ್ವಲ್ಪ ಹೊತ್ತಿಗೆ ಅವನು ಲೋಟಕ್ಕೆ ಕೈ ಚಾಚಿದ, ಇಲ್ಲದ್ದು ಕಂಡು ಅತ್ತಿತ್ತ ತಡವಿದ, "ನೀರು ಎಲ್ಲಿಟ್ಯೇ?" ಎಂದ. ಲೋಟ ಅವನ ಮೊಣಕೈಗೆ ಒಂದು ಗೇಣು ದೂರದಲ್ಲಿತ್ತು. ಕಾರಿನ ಎಡಗನ್ನಡಿ ಟೇಪು ಸುತ್ತಿಕೊಂಡು ಒಂದು ವಾರವಾಗಿದ್ದುದು ಅವಳಿಗೆ ಆಗ ನೆನಪಾಯಿತು. ನಿಲ್ಲಿಸಿದ್ದ ಗಾಡಿಗೆ ಯಾರೋ ತಾಗಿಸಿಕೊಂಡು ಹೋದರು ಎಂದು ಅವನು ಹೇಳಿದ್ದ.

ಮೂರೂವರೆಯಾಯಿತು. ತಮ್ಮ ಎದ್ದು ಕೀಲಿ ತೆಗೆದುಕೊಂಡ. ಅವಳು ಅವನ ತೋಳು ಹಿಡಿದಳು.

"ಬಿಡೇ, ಮಗು ಕಾಯ್ತಿರತ್ತೆ."

ತಡೆಯಬೇಕಿತ್ತು. ಆದರೆ ಏನೆಂದು ತಡೆಯುವುದು? ಆಟದಲ್ಲಿ ಸೋತೆ, ಅದಕ್ಕೆ ಗಾಡಿ ಮುಟ್ಟಬೇಡ ಎಂದೇ? ಕೋಳಿಗೂ ತಾಗಿಸದವನಿಗೆ? ಅನುಮಾನ ಅರ್ಧ, ಹೇಡಿತನ ಅರ್ಧ. ಅವಳು ಚಪ್ಪಲಿ ಮೆಟ್ಟಿಕೊಂಡು ಅವನ ಹಿಂದೆಯೇ ಹೋಗಿ ಕಾರಿನಲ್ಲಿ ಅವನ ಪಕ್ಕಕ್ಕೆ ಕೂತಳು.

ಅವನು ನಿಧಾನವಾಗಿಯೇ ಓಡಿಸಿದ. ಎರಡೂ ಕೈ ಸ್ಟೇರಿಂಗಿನ ಮೇಲೆ, ಕತ್ತು ಮುಂದಕ್ಕೆ. ಒಂದು ಕೈಯಲ್ಲಿ ಗಾಡಿ ತಿರುಗಿಸುತ್ತ ಕಂಡಕ್ಟರನ ಜೊತೆ ಹರಟುತ್ತಿದ್ದ ಆ ಡ್ರೈವರು ಎಲ್ಲಿ ಹೋದ ಎಂದು ಅವಳು ನೋಡಿದಳು. ಬ್ಯಾಂಕಿನ ತಿರುವಿನಲ್ಲಿ ಅವನು ಕಾರನ್ನು ಎಡಕ್ಕೆ ಎಳೆದ. ಅಲ್ಲೇ, ಕಿಟಕಿಗೆ ಅಂಟಿಕೊಂಡಂತೆ, ಬೆನ್ನಿಗೆ ದೊಡ್ಡ ಚೀಲ ಹಾಕಿಕೊಂಡ ಹೆಂಗಸೊಬ್ಬಳು ಸೈಕಲ್ಲಿನಲ್ಲಿದ್ದಳು.

"ಎಡಕ್ಕೆ! ಸೈಕಲ್ಲು!" ಹತ್ತಿ, ರಕ್ತ, ಕೂಗು ಎಲ್ಲ ಒಟ್ಟಿಗೆ ತಿದ್ದಕ್ಕನ ಬಾಯಿಂದ ಹೊರಬಿದ್ದವು. ಬ್ರೇಕು ಕಿರುಚಿತು. ಸೈಕಲ್ಲಿನವಳು ಪಾದಚಾರಿ ದಾರಿಯ ಅಂಚಿಗೆ ಕಾಲು ಕೊಟ್ಟು ಹೇಗೋ ಉಳಿದುಕೊಂಡಳು. ಕಾರಿನ ತಲೆಯ ಮೇಲೆ ಅಂಗೈಯಿಂದ ಬಡಿದು, "ಕಣ್ಣೇನು ಮನೇಲಿ ಬಿಟ್ಟು ಬಂದಿದ್ದೀರಾ?" ಎಂದು ಬೈದು ಹೋದಳು.

ತಮ್ಮನ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಗಾಡಿಯನ್ನು ಮತ್ತೆ ಹೊರಡಿಸುತ್ತ, "ಮಾತಾಡ್ಬೇಡ ಅಂತ ಡಾಕ್ಟ್ರು ಹೇಳಿಲ್ವಾ ನಿಂಗೆ?" ಎಂದಷ್ಟೇ ಗೊಣಗಿದ. ಶಾಲೆಗೆ ಇನ್ನು ಕೂಗಳತೆಯ ದೂರ. ಅಲ್ಲಿಯವರೆಗೆ ಅವಳು ಕೆನ್ನೆ ಒತ್ತಿ ಹಿಡಿದುಕೊಂಡು, ಎಡಗಡೆ ಕಂಡದ್ದನ್ನೆಲ್ಲ ಓದುತ್ತಲೇ ಹೋದಳು. ಅಲ್ಪವಿರಾಮ ಹೇಳುವ ತಮಾಷೆ ಅವಳಿಗೆ ಹೊಳೆಯಲಿಲ್ಲ.

ಗೇಟಿನ ಬಳಿ ಮೊಮ್ಮಗಳು ಓಡಿಬಂದು ಕಾರಿನ ಮುಂದಿನ ಬಾಗಿಲು ತೆರೆದಳು. "ಅಜ್ಜಿ, ನೀನು ಹಿಂದೆ ಕೂತ್ಕೋ. ಅದು ನನ್ ಸೀಟು. ನಾನಿಲ್ಲಿ ಕೂರ್ದಿದ್ರೆ ನಮ್ ಆಟ ಆಡಕ್ಕಾಗಲ್ಲ."

"ಯಾವ ಆಟ ಪುಟ್ಟಿ?"

"ಎಡಗಡೆ ಆಟ. ಎಡಗಡೆ ಏನ್ ಬಂದ್ರೂ ನಾನು ತಾತಂಗೆ ಹೇಳ್ಬೇಕು. ಹೇಳಿದ್ರೆ ಒಂದ್ ಪಾಯಿಂಟು." ಹುಡುಗಿ ಅವಳ ಕಿವಿಯ ಬಳಿ ಬಾಗಿದಳು. "ಅಮ್ಮಂಗೆ ಹೇಳ್ಬಾರ್ದು, ಸೀಕ್ರೆಟ್ಟು. ಅವತ್ತು ನಂಗೆ ನಿದ್ದೆ ಬಂದ್ಬಿಟ್ಟಿತ್ತು ಅಜ್ಜಿ. ಅದಕ್ಕೇ ಕನ್ನಡಿ ಮುರಿದುಹೋಯ್ತು. ತಪ್ಪು ನಂದೇ. ಆದ್ರೂ ತಾತ ಬೈಲಿಲ್ಲ."

ತಿದ್ದಕ್ಕ ಕಾರಿನಿಂದ ಇಳಿದು, ಮಗುವನ್ನು ಶಾಲೆಯ ಗೋಡೆಯ ಕಟ್ಟೆಯ ಮೇಲೆ ಕೂರಿಸಿ, ಶೂ ಲೇಸು ಬಿಚ್ಚಿ ಮತ್ತೆ ಚೆನ್ನಾಗಿ ಕಟ್ಟಿಕೋ ಎಂದು ಹೇಳಿ, ಕಾರನ್ನು ಸುತ್ತಿಕೊಂಡು ತಮ್ಮನ ಕಡೆಯ ಬಾಗಿಲಿಗೆ ಬಂದಳು.

"ಇಳಿ ಕೆಳಗೆ."

"ಅಕ್ಕ, ಮನೇಲಿ ಮಾತಾಡೋಣ..."

"ಇಳಿಯೋ!"

ಅವನು ಇಳಿದ. ಅರವತ್ತೊಂದರ ಗಂಡಸು, ಸಿಕ್ಕಿಬಿದ್ದ ಶಾಲೆ ಹುಡುಗನ ಹಾಗೆ ಕಾರಿಗೆ ಬೆನ್ನು ಕೊಟ್ಟು ನಿಂತ.

"ಯಾವಾಗಿಂದ?"

"ನಾಲ್ಕು ತಿಂಗಳು." ಅವನು ನೆಲ ನೋಡುತ್ತಿದ್ದ. "ಒಬ್ನೇ ಹೋಗಿ ತೋರಿಸ್ಕೊಂಡು ಬಂದೆ. ತಲೆಯೊಳಗೆ ಒಂದು ಸಣ್ಣ ನರ ಕಟ್ಕೊಂಡಿದ್ಯಂತೆ. ಎರಡು ಕಣ್ಣಲ್ಲೂ ಎಡಗಡೆ ನೋಟ ಹೋಗಿದೆ ಅಂದ್ರು."

"ಗಾಡಿ ಓಡಿಸ್ಬೇಡಿ ಅನ್ಲಿಲ್ವಾ?"

"ಅಂದ್ರು."

"ಅಂದ್ರೂ ಆ ಮಗೂನ ಕೂರಿಸ್ಕೊಂಡು ಓಡಿಸ್ತಿದ್ದೀಯಲ್ಲೋ! ಕನ್ನಡಿ ಮುರಿದಿದ್ದು ತನ್ನಿಂದ ಅಂದ್ಕೊಂಡಿದೆ ಆ ಕೂಸು. ನಾಳೆ ಇನ್ನೇನಾದ್ರೂ ಆದ್ರೆ ಅದನ್ನೂ ಹೊತ್ಕೊಂಡು ಬದುಕ್ಬೇಕಾ?"

"ಹೇಳಿದ್ರೆ ಮಗಳು ಕೀಲಿ ಕಿತ್ಕೋತಾಳೆ." ಅವನು ಕಾರಿನ ಬಾಗಿಲ ಮೇಲೆ ಕೈಯಿಟ್ಟ. "ಆಮೇಲೆ ನಾನೇನು ಮಾಡ್ಲಿ ಅಕ್ಕ? ನಂಗೆ ಬರೋದು ಇದೊಂದೇ ಅಲ್ವಾ. ಎಲ್ಲಾರ್ಗಿಂತ ಚೆನ್ನಾಗಿ ಬರೋದು."

ಆ ಮಾತು ಅವಳಿಗೆ ನಾಟಿತು. ಸುಮ್ಮನಾಗಿಬಿಡಲೇ ಎಂದು ಒಂದು ಗಳಿಗೆ ಅನ್ನಿಸಿದ್ದೂ ಸುಳ್ಳಲ್ಲ; ಅವನ ನಗುವಿಗೋಸ್ಕರ ಸುಮ್ಮನಿರುವುದು ಅವಳಿಗೆ ಹೊಸದೇನೂ ಆಗಿರಲಿಲ್ಲ.

"ಕೇಳು," ಎಂದಳು. ಬಾಯಲ್ಲಿ ರಕ್ತದ ರುಚಿಯಿತ್ತು. "ಮಾವನ ಕಂಪ್ಯೂಟರಿನ ಆಟ. ನಾನು ಓದುವಾಗ ಒಂದು ಸಾಲು ಬಿಟ್ಟಿದ್ದೆ. ಅದಕ್ಕೇ ಎಡಗಡೆಯಿಂದ ಗಾಡಿ ಬರ್ತಿರ್ಲಿಲ್ಲ. ನಂಗೆ ಆಮೇಲೆ ಗೊತ್ತಾಯ್ತು. ನಿಂಗೆ ಹೇಳ್ಲಿಲ್ಲ."

ಅವನು ತಲೆ ಎತ್ತಲಿಲ್ಲ. "ನಾನೂರ ಎಪ್ಪತ್ತು," ಎಂದ.

"ನಿಂಗೆ ಗೊತ್ತಿತ್ತಾ?"

"ಲೈಸೆನ್ಸ್ ಬಂದ ವಾರ ನಾನೇ ಪತ್ರಿಕೆ ತೆಗೆದು ನೋಡಿದ್ದೆ. ಬೀರು ಬಾಗಿಲಲ್ಲಿ ಬರೆದಿದ್ದನ್ನ ಅಳಿಸ್ಬೇಕು ಅಂತ ಬಟ್ಟೆ ಕೂಡ ಒದ್ದೆ ಮಾಡ್ಕೊಂಡೆ. ಮನಸ್ಸು ಬರ್ಲಿಲ್ಲ. ನೀನು ಸುಮ್ನಿದ್ದೆ, ನಾನೂ ಸುಮ್ನಾದೆ." ಅವನು ಅಂಗೈಯಿಂದ ಮುಖ ಒರೆಸಿಕೊಂಡ. "ಆಗ ಎಡಗಡೆ ಗಾಡೀನೇ ಬರ್ತಿರ್ಲಿಲ್ಲ. ಈಗ ಬರ್ತಾವೆ, ನಂಗೆ ಕಾಣಲ್ಲ. ನಾನೇನು ಮಾಡ್ದೆ ಗೊತ್ತಾ? ಆಗಿನ ಹಾಗೇ ಮಾಡ್ದೆ. ಇಲ್ಲ ಅಂದ್ಕೊಂಡ್ಬಿಟ್ಟೆ."

ಶಾಲೆಯ ಕೊನೆಯ ಮಕ್ಕಳೂ ಹೊರಟುಹೋಗಿದ್ದರು. ತಿದ್ದಕ್ಕ ಅವನನ್ನು ದಾಟಿ ಕಟ್ಟೆಯ ಬಳಿ ಹೋಗಿ ಮಗುವನ್ನು ಇಳಿಸಿಕೊಂಡಳು. "ಇವತ್ತು ನಡ್ಕೊಂಡು ಹೋಗೋಣ. ಸಂಜೆ ನಿನ್ನ ಮಗಳ ಹತ್ರ ನೀನೇ ಹೇಳ್ಬೇಕು. ನಾನು ಪಕ್ಕದಲ್ಲಿ ಕೂತಿರ್ತೀನಿ. ಒಂದು ಸಾಲು ಬಿಟ್ರೂ ನಾನು ಬಿಡಲ್ಲ."

ಅವನು ಕಾರಿಗೆ ಬೀಗ ಹಾಕಿ, ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ಎರಡೆರಡು ಸಲ ಎಳೆದು ನೋಡಿದ. ಬಸ್ಸನ್ನು ಡಿಪೋಗೆ ಒಪ್ಪಿಸುವಾಗಲೂ ಅವನು ಹಾಗೇ ಮಾಡುತ್ತಿದ್ದದ್ದು. ಕೀಲಿಯನ್ನು ಅಂಗೈಯಲ್ಲಿಟ್ಟುಕೊಂಡು, "ತಗೋ ಅಕ್ಕ," ಎಂದು ಕೈ ಚಾಚಿದ.

ಅವನು ಚಾಚಿದ್ದು ಬಲಕ್ಕೆ. ಅಲ್ಲಿ ಯಾರೂ ಇರಲಿಲ್ಲ. ಅಕ್ಕ ಮೊಮ್ಮಗಳ ಕೈ ಹಿಡಿದು ಅವನ ಎಡಕ್ಕೆ, ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದಳು. ಕೀಲಿ ಹಿಡಿದ ಕೈ ಗಾಳಿಯಲ್ಲಿ ಹಾಗೇ ಕಾಯುತ್ತಿತ್ತು.

"ತಾತ," ಎಂದಳು ಹುಡುಗಿ, ಆಟ ಇನ್ನೂ ಮುಗಿದಿಲ್ಲ ಎಂದುಕೊಂಡು. "ಎಡಗಡೆ ಅಜ್ಜಿ."

ಅವನು ಮೆಲ್ಲಗೆ ಎಡಕ್ಕೆ ತಿರುಗಿದ. ಪಾಯಿಂಟು ಕೊಡುವುದನ್ನು ಮರೆತ.