ಮರವಂತೆಗೆ ಹೊರಟ ಕಾರಿನಲ್ಲಿ ಸುಟ್ಟ ವಾಸನೆ

ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಹೋಟೆಲಿಗೆ ಬರುವವರಿಗೆಲ್ಲ ನನ್ನ ಗಂಡ ಮುರಾರಿಯವರ ಮೂಗಿನ ಪರಿಚಯ ಉಂಟು. ಗಲ್ಲಾದಲ್ಲಿ ಕುಳಿತೇ ಅವರು ಒಳಗೆ ಸಾಂಬಾರು ತಳ ಹಿಡಿಯಿತೆಂದು ಹೇಳಬಲ್ಲರು. ಅಂಥ ಮೂಗಿಗೆ ಸ್ವಂತ ಕಾರು ಸುಡುವುದು ಗೊತ್ತಾಗಲಿಲ್ಲ. ನಗಬೇಡಿ. ನನಗೆ ಗೊತ್ತಾಗಿತ್ತು, ನಾನು ಹೇಳಲಿಲ್ಲ.

ನನ್ನ ತವರು ಉಡುಪಿ. ಅಲ್ಲಿಗೆ ಹೋಗುವ ದಾರಿಯಲ್ಲಿ ಮರವಂತೆ ಎಂಬ ಊರು. ರಸ್ತೆಯ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಹೊಳೆ. ಚಿಕ್ಕವಳಿದ್ದಾಗ ಅಪ್ಪ ಒಮ್ಮೆ ಅಲ್ಲಿ ಬಸ್ಸಿನಿಂದ ಇಳಿಸಿ, ನಾನು ಸಾಕೆನ್ನುವವರೆಗೂ ನೀರಿನಲ್ಲಿ ಆಡಲು ಬಿಟ್ಟಿದ್ದರು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಊರಿಗೆ ಹೋಗುವುದೆಲ್ಲ ರೈಲಿನಲ್ಲೇ. ರೈಲಿನಿಂದ ಆ ಜಾಗ ಕಾಣುವುದಿಲ್ಲ. "ಕಾರು ತಗೊಂಡ ಮೇಲೆ ರೋಡಲ್ಲೇ ಹೋಗುವ ಮಾರಾಯ್ತಿ, ಮರವಂತೆಯಲ್ಲಿ ನಿಲ್ಲಿಸುವ" ಎಂದು ಇವರು ಹೇಳುತ್ತ ಬಂದು ಹದಿನೆಂಟು ವರ್ಷವಾಯಿತು. ಕಾರು ಬಂತು, ಬಿಡುವು ಬರಲಿಲ್ಲ. ಹೋಟೆಲಿನ ಹಿಂಬಾಗಿಲಲ್ಲಿ, ತೆಂಗಿನಕಾಯಿ ಗೋಣಿಗಳ ಪಕ್ಕದಲ್ಲಿ ಕಾರು ನಿಂತೇ ಇತ್ತು. ಅದರ ಗಾಜು ಒರೆಸುವಾಗೆಲ್ಲ ನನಗೆ ಆ ಕಡಲೇ ನೆನಪಾಗುತ್ತಿತ್ತು.

ಈ ಜನವರಿಯಲ್ಲಿ ಇವರು ಕೊನೆಗೂ ಹೋಟೆಲಿಗೆ ನಾಲ್ಕು ದಿನ ರಜೆಯ ಬೋರ್ಡು ಹಾಕಿದರು. ಬೆಳಿಗ್ಗೆ ಹೊರಟೆವು. ಹಿಂದಿನ ಸೀಟಿನಲ್ಲಿ ಮಗಳು ಶ್ರೀಪ್ರಿಯಾ. ಶಿಳ್‌ಫಾಟಾ ದಾಟಿ ಕಳಂಬೋಲಿ ಹತ್ತಿರ ಬರುವಾಗ ವಾಸನೆ ಶುರುವಾಯಿತು.

"ಮಮ್ಮಿ, ಕುಛ್ ಜಲ್ ರಹಾ ಹೈ ಕ್ಯಾ?" ಏನೋ ಸುಡುತ್ತಿದೆಯಾ ಎಂದು ಕೇಳಿದಳು ಮಗಳು.

ಇವರು ನಕ್ಕರು. "ಅದು ನನ್ನ ಅಂಗಿಯದ್ದು. ಇಷ್ಟು ವರ್ಷ ಕಾವಲಿ ಹತ್ರ ನಿಂತವನ ಅಂಗಿ ಮತ್ತೆಂತ ಮಲ್ಲಿಗೆ ಪರಿಮಳ ಬರ್ತದಾ?"

ಅದು ಕಾವಲಿಯ ವಾಸನೆಯಲ್ಲ. ಹೋದ ವರ್ಷ ಮಿಕ್ಸರಿನ ವಯರು ಸುಟ್ಟಾಗ ಬಂದ ವಾಸನೆಯೇ ಇದು. ಆದರೆ ಬಾಯಿ ಬಿಟ್ಟರೆ ಕಾರು ಗ್ಯಾರೇಜಿಗೆ ಹೋಗುತ್ತದೆ, ಮರವಂತೆ ಮತ್ತೆ ತಪ್ಪುತ್ತದೆ. ನಾನು ಹೇಳಿದ್ದು ಇಷ್ಟೇ: "ಮುಂದಿನ ಲಾರಿಯದ್ದು ಮಗಾ, ನೀನು ಮಲಗು."

ಕಬ್ಬಿಣ ಹೊತ್ತ ಆ ಲಾರಿಯನ್ನು ಹಿಂದೆ ಹಾಕಿದೆವು. ಕಿಟಕಿ ಏರಿಸಿದೆ. ವಾಸನೆ ಕಡಿಮೆಯಾಗುವ ಬದಲು ಜೋರಾಯಿತು. ತಿರುಗಿ ನೋಡಿದರೆ ಶ್ರೀಪ್ರಿಯಾ ಮೂಗಿಗೆ ದುಪಟ್ಟಾ ಮುಚ್ಚಿಕೊಂಡು ನಿಜವಾಗಿಯೂ ಕಣ್ಣು ಮುಚ್ಚಿದ್ದಳು. ಅಮ್ಮ ಹೇಳಿದಳಲ್ಲ, ನಂಬಿದ್ದಳು.

"ರೀ, ಗಾಡಿ ನಿಲ್ಲಿಸಿ."

"ಇಷ್ಟಕ್ಕೆಲ್ಲ ನಿಲ್ಲಿಸಿದ್ರೆ ಉಡುಪಿ ಮುಟ್ಟುದು ಯಾವಾಗ? ಪನ್ವೇಲ್ ದಾಟಿ ಚಾ ಕುಡಿಯುವಾಗ ನೋಡುವ."

"ನನಗೆ ಮರವಂತೆ ಬೇಡ. ಈಗಲೇ ನಿಲ್ಲಿಸಿ!"

ನನ್ನ ಬಾಯಲ್ಲಿ ಆ ಮಾತು ಕೇಳಿ ಇವರು ತೆಪ್ಪಗೆ ಎಡಕ್ಕೆ ತಂದು ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, ನಾಲ್ಕೂ ಇಂಡಿಕೇಟರ್ ಹಾಕಿದರು. ಬಾನೆಟ್ಟಿನ ಸಂದಿಯಿಂದ ಹೊಗೆ ಏಳುತ್ತಿತ್ತು. ನಾನು ಮಗಳನ್ನು ಇಳಿಸಿಕೊಂಡು ಸಂಜನಾಗೆ ಫೋನ್ ಹಚ್ಚಿದೆ. ಇವಳು ನನ್ನ ನಾದಿನಿಯ ಮಗಳು, ಅಲ್ಲೇ ಹತ್ತಿರದ ಕಾಮೋಠೆಯವಳು, ಕಾರು ರಿಪೇರಿಯ ವರ್ಕ್‌ಶಾಪಿನಲ್ಲಿ ಕೆಲಸ. ಅಷ್ಟರಲ್ಲಿ ಇವರು ನೀರಿನ ಬಾಟಲಿ ಹಿಡಿದು ಬಾನೆಟ್ ತೆಗೆಯಲು ಹೊರಟಿದ್ದರು.

"ಅತ್ತೆ, ಮಾವನನ್ನು ನಿಲ್ಲಿಸಿ!" ನಾನು ಅದನ್ನು ಹೇಳಿದ್ದೇ ಸಂಜನಾ ಕೂಗಿದಳು. "ಬಾನೆಟ್ ಓಪನ್ ಮಾಡಿದ್ರೆ ಗಾಳಿ ಸಿಕ್ಕಿ ಬೆಂಕಿ ಭಗ್ಗಂತ ಏಳ್ತದೆ. ನೀರು ಬಿಲ್ಕುಲ್ ಬೇಡ. ಎಲ್ರೂ ರೋಡಿಂದ ಆಚೆ, ದೂರ ಹೋಗಿ ನಿಲ್ಲಿ. ಬ್ಯಾಗ್ ತೆಗಿಲಿಕ್ಕೆ ವಾಪಸ್ ಹೋಗ್ಬೇಡಿ. ಬೆಂಕಿ ಕಂಡ್ರೆ ತಕ್ಷಣ ೧೧೨ಕ್ಕೆ ಫೋನ್ ಮಾಡಿ. ನಾನು ಬರ್ತೇನೆ."

ಹೊಗೆ ನಿಧಾನವಾಗಿ ನಿಂತಿತು. ಅರ್ಧ ಗಂಟೆಯಲ್ಲಿ ಸಂಜನಾ, ಮೆಕ್ಯಾನಿಕ್ ಶಂಭುವನ್ನು ಕರೆದುಕೊಂಡು ಬಂದಳು. ಇಂಜಿನ್ ಪೂರ್ತಿ ತಣಿದ ಮೇಲೆ ಶಂಭು ಬಾನೆಟ್ ಎತ್ತಿದ. ಒಳಗೆ ಇಲಿಯ ಗೂಡು! ತೆಂಗಿನ ನಾರು, ಕಾಯಿಯ ಚೂರು, ನಮ್ಮದೇ ಹೋಟೆಲಿನ ಚಹಾ ಸೋಸುವ ಬಟ್ಟೆ. ಬಟ್ಟೆ ಕರಟಿ ಕಪ್ಪಾಗಿತ್ತು. ಇಲಿ ಕಡಿದ ವಯರುಗಳ ಮೇಲಿನ ಪ್ಲಾಸ್ಟಿಕ್ ಕರಗಿತ್ತು.

"ಅಣ್ಣ, ಇದೇ ಬೆಂಕಿ ಘಾಟಿಯಲ್ಲಿ ಹತ್ತಿದ್ರೆ ಎಲ್ಲಿ ನಿಲ್ಲಿಸ್ತಿದ್ರಿ?" ಎಂದು ಶಂಭು ಕೇಳಿದ. ಇವರು ಚಹಾ ಬಟ್ಟೆಯನ್ನೇ ನೋಡುತ್ತಿದ್ದರು.

"ಮಾವ, ಅಡುಗೆಮನೆ ವಾಸನೆಯ ಹಾಗೇ ಇದೂ," ಎಂದಳು ಸಂಜನಾ. "ಪ್ಲಾಸ್ಟಿಕ್ ಸುಟ್ಟ ಹಾಗೆ ಬಂದ್ರೆ ವಯರಿಂಗ್. ರಬ್ಬರ್ ಅಂದ್ರೆ ಇಂಜಿನ್ ಬೆಲ್ಟ್. ಎಣ್ಣೆ ಸೀದ ಹಾಗೆ ಬಂದ್ರೆ ಆಯಿಲ್ ಸೋರಿ ಬಿಸಿ ಪೈಪಿಗೆ ಬೀಳ್ತಾ ಉಂಟು. ಘೋಡಬಂದರ್ ರೋಡ್ ಟ್ರಾಫಿಕ್ಕಲ್ಲಿ ಕ್ಲಚ್ ಮೇಲೆ ಕಾಲಿಟ್ಟೇ ಕೂತ್ರೆ, ಹ್ಯಾಂಡ್‌ಬ್ರೇಕ್ ಬಿಡದೆ ಓಡಿಸಿದ್ರೆ, ಅದಕ್ಕೂ ಘಾಟು ವಾಸನೆ ಬರ್ತದೆ. ಯಾವುದೇ ಇರಲಿ, ಪೆಹಲೇ ಗಾಡಿ ನಿಲ್ಲಿಸ್ಬೇಕು. ಯಾವುದು ಅಂತ ಆಮೇಲೆ ನೋಡುವ."

ವಯರಿಂಗ್ ಬದಲಿಸಲು ಮೂರು ದಿನ ಬೇಕೆಂದರು. ರಜೆ ಅಲ್ಲಿಗೆ ಮುಗಿಯಿತು. ನಾವು ಲೋಕಲ್ ಟ್ರೈನಿನಲ್ಲಿ ಮನೆಗೆ ಮರಳಿದೆವು. ಕಿಟಕಿಯ ಹೊರಗೆ ಬರೀ ಕಟ್ಟಡಗಳು. ಎಷ್ಟು ತಡೆದರೂ ನನಗೆ ಅಳು ಬಂತು.

"ಮಮ್ಮಿ, ಆಪ್‌ಕೋ ಪತಾ ಥಾ ನಾ?" ಎಂದು ಶ್ರೀಪ್ರಿಯಾ ಮೆಲ್ಲಗೆ ಕೇಳಿದಳು.

"ಹ್ಞೂಂ. ಗೊತ್ತಿತ್ತು ಮಗಾ." ಅವಳು ನನ್ನ ಕೈ ಹಿಡಿದುಕೊಂಡಳು.

ಈಗ ಕಾರು ಹೋಟೆಲಿನ ಹಿಂದೆ ನಿಲ್ಲುವುದಿಲ್ಲ. ಎದುರಿನ ಬಯಲಿನಲ್ಲಿ, ಬೆಳಕಿರುವ ಕಡೆ ನಿಲ್ಲುತ್ತದೆ. ನಿಂತಲ್ಲೇ ಕೊಳೆಯದಂತೆ ವಾರಕ್ಕೆರಡು ಸಲ ಇವರು ಓಡಿಸುತ್ತಾರೆ. ಚಾವಿ ತಿರುಗಿಸುವ ಮೊದಲು ಬಾನೆಟ್ ಎತ್ತಿ, ಆ ದೊಡ್ಡ ಮೂಗನ್ನು ಒಳಗೆ ತೂರಿಸಿ ನೋಡುತ್ತಾರೆ. ಗ್ಯಾರೇಜಿನವರು ಹೇಳಿದ ದಿನಕ್ಕೆ ಸರ್ವಿಸಿಗೆ ಬಿಡುತ್ತಾರೆ.

ಮರವಂತೆಯನ್ನು ನಾನಿನ್ನೂ ಮತ್ತೆ ನೋಡಿಲ್ಲ. ಈಗಲೂ ಬೆಳಿಗ್ಗೆ ಇಡ್ಲಿಗೆ ಹಿಟ್ಟು ಹೊಯ್ಯುವಾಗ ಆ ಅಲೆಯ ಸದ್ದು ಕೇಳಿದಂತಾಗಿ ಕೈ ನಿಲ್ಲುತ್ತದೆ. ಆದರೆ ನೋಡಲು ನಾವು ಮೂವರೂ ಇದ್ದೇವೆ.

ಅಕ್ಕಂದಿರೇ, ಅಣ್ಣಂದಿರೇ, ನೀವೂ ಎಲ್ಲಿಗೋ ಹೋಗಬೇಕೆಂದು ವರ್ಷಗಟ್ಟಲೆ ಕಾದಿರುತ್ತೀರಿ. ದಾರಿಯಲ್ಲಿ ಸುಟ್ಟ ವಾಸನೆ ಬಂದರೆ ನನ್ನ ಹಾಗೆ ಲಾರಿಯ ಮೇಲೆ ಹಾಕಬೇಡಿ. ಗಾಡಿ ನಿಲ್ಲಿಸಿ. ಮಕ್ಕಳನ್ನು ಇಳಿಸಿ. ಕಡಲು ಅಲ್ಲೇ ಇರುತ್ತದೆ, ಇನ್ನೊಂದು ದಿನ ಹೋಗಿ.