ಶಿವಮೊಗ್ಗದಿಂದ ಬರಬೇಕಾದ ಬ್ಯಾಟರಿ

ರಘುಪತಿಗೆ ಯಾವ ವಸ್ತುವನ್ನೂ ಸುಮ್ಮನೆ ಕೊಂಡು ಅಭ್ಯಾಸವಿರಲಿಲ್ಲ. ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ಅವನದು ಔಷಧಿ ಅಂಗಡಿ. ವರ್ಷಗಟ್ಟಲೆ ಮಾತ್ರೆಯ ಹಾಳೆ ತಿರುಗಿಸಿ ತಾರೀಕು ನೋಡಿ ನೋಡಿ, ಮನೆಗೆ ತರುವ ಬ್ರೆಡ್ಡು, ಬಿಸ್ಕತ್ತು, ಕೊನೆಗೆ ಬೆಂಕಿಪೊಟ್ಟಣವನ್ನೂ ಹಾಗೆಯೇ ತಿರುಗಿಸಿ ನೋಡುವುದು ಅವನ ಕೈಗೆ ಅಂಟಿಕೊಂಡಿತ್ತು. "ನನ್ನ ನೋಡೋಕೆ ಬಂದಾಗ್ಲೂ ಹಿಂದೆ ಮುಂದೆ ತಿರುಗಿಸಿ ನೋಡ್ತಿದ್ರೇನೋ, ನಮ್ಮಪ್ಪ ಎದುರಿಗೇ ಕೂತಿದ್ರು ಅಂತ ಸುಮ್ನಾದ್ರು" ಎಂದು ಹೆಂಡತಿ ಅರ್ಪಣಾ ನಗುತ್ತಿದ್ದಳು. ಅವನೂ ನಗುತ್ತಿದ್ದ.

ಜನವರಿಯ ಒಂದು ಬೆಳಿಗ್ಗೆ ನರಸಿಂಹರಾಜಪುರದ ಕಡೆಯ ಕಡಹಿನಬೈಲಿನಿಂದ ನಯನ ಫೋನ್ ಮಾಡಿದಳು. ನಯನ ಅಂದರೆ ತಾಯಿಯ ಹಳೆಯ ಗೆಳತಿ ಸುಲೋಚನಮ್ಮನ ಸೊಸೆ.

"ರಘಣ್ಣ, ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಹಾಸಿಗೆ ಹಿಡಿದಿದ್ದಾರೆ. ಈ ವಯಸ್ಸಲ್ಲಿ ಆಪರೇಷನ್ ಬೇಡ ಅಂದ್ರು ಡಾಕ್ಟ್ರು. ಊಟಾನೂ ಕಡಿಮೆಯಾಗಿದೆ. ಸುಬ್ಬಮ್ಮನ್ನ ಒಂದ್ಸಲ ಕರೆಸಿ ಅಂತ ದಿನಾ ಹೇಳ್ತಾರೆ. ಕರ್ಕೊಂಡು ಬರ್ತೀರಾ?"

"ಈ ಭಾನುವಾರವೇ ಬರ್ತೀವಿ" ಅಂದ ರಘುಪತಿ.

ಸುಬ್ಬಮ್ಮ ಅವನ ತಾಯಿ. ಹಿಂದೆ ಅವರ ಗಂಡ ಕಡಹಿನಬೈಲಿನ ಶಾಲೆಯಲ್ಲಿ ಮೇಷ್ಟರಾಗಿದ್ದಾಗ, ಸುಲೋಚನಮ್ಮನ ಮನೆಯ ಪಕ್ಕದಲ್ಲೇ ಬಾಡಿಗೆಗಿದ್ದರು. ರಘುಪತಿ ಹುಟ್ಟಿದ ತಿಂಗಳಲ್ಲೇ ಸುಬ್ಬಮ್ಮನಿಗೆ ವಿಷಮಜ್ವರ ಬಂದು ಎದೆಹಾಲು ಬತ್ತಿಹೋಯಿತು. ಸುಲೋಚನಮ್ಮನಿಗೂ ಆಗ ಕೈಗೂಸು. ಜಾತಿ ಬೇರೆ. ಒಬ್ಬರ ಅಡಿಗೆಮನೆಗೆ ಇನ್ನೊಬ್ಬರು ಕಾಲಿಡುತ್ತಿರಲಿಲ್ಲ. ಸುಬ್ಬಮ್ಮನ ಅತ್ತೆ ಬಾಗಿಲಲ್ಲಿ ನಿಂತು ಏನೋ ಗೊಣಗುತ್ತಿದ್ದಾಗಲೇ ಸುಲೋಚನಮ್ಮ ಒಳಗೆ ಬಂದು, ಅತ್ತು ಅತ್ತು ನೀಲಿಗಟ್ಟಿದ್ದ ಮಗುವನ್ನು ಎತ್ತಿಕೊಂಡು, "ಬೇಕಾದ್ರೆ ಆಮೇಲೆ ಮನೆ ತೊಳ್ಕೊಳ್ಳಿ ಅಮ್ಮ" ಅಂದು ಮಡಿಲಿಗೆ ಹಾಕಿಕೊಂಡರಂತೆ. ತಾಯಿ ಏಳುವವರೆಗೆ ರಘುಪತಿ ಆ ಹಾಲಿನಲ್ಲೇ ಬೆಳೆದ. ಈ ಕಥೆಯನ್ನು ಸುಬ್ಬಮ್ಮ ಅವನಿಗೆ ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ.

ಮೇಷ್ಟರಿಗೆ ಕೊಪ್ಪಕ್ಕೆ ವರ್ಗವಾದ ಮೇಲೂ ಇಬ್ಬರು ಗೆಳತಿಯರ ಹೋಗಿಬರುವಿಕೆ ನಿಲ್ಲಲಿಲ್ಲ. ಈಚೆಗೆ ಸುಬ್ಬಮ್ಮನ ಮಂಡಿ ಸವೆದು ಬಸ್ಸಿನ ಮೆಟ್ಟಿಲು ಹತ್ತಲಾಗದೆ, ಸುಲೋಚನಮ್ಮನಿಗೆ ಕಿವಿ ಮಂದವಾಗಿ ಫೋನಿನ ಮಾತು ಕೇಳದೆ, ಎಲ್ಲ ನಿಂತುಹೋಗಿತ್ತು.

ಆ ಭಾನುವಾರ ಸುಬ್ಬಮ್ಮ ಬೆಳಿಗ್ಗೆಯೇ ಸೀರೆ ಬದಲಿಸಿ, ಒಂದು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ ಹಿಡಿದು ಸಿದ್ಧರಾದರು. ಅರ್ಪಣಾ ಅವರ ಕಾಲನ್ನು ಒಂದೊಂದಾಗಿ ಎತ್ತಿ ಒಳಗಿಟ್ಟು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿದಳು. ರಘುಪತಿ ಕೀ ತಿರುಗಿಸಿದ. 'ಟಕ್' ಎಂದಿತು, ಅಷ್ಟೇ. ಮತ್ತೆ ತಿರುಗಿಸಿದರೆ ಅದೂ ಇಲ್ಲ. ಎರಡು ವಾರದಿಂದ ಚಳಿಗೆ ಸೆಲ್ಫ್ ಎಳೆದಾಡುತ್ತಿತ್ತು. ಈಗ ಪೂರ್ತಿ ಮಲಗಿತ್ತು.

ಪಕ್ಕದ ಮನೆಯ ಸಂದೇಶ ತನ್ನ ಕಾರನ್ನು ಎದುರಿಗೆ ತಂದು ನಿಲ್ಲಿಸಿ ಎರಡೂ ಬ್ಯಾಟರಿಗಳಿಗೆ ಕೇಬಲ್ ಸಿಕ್ಕಿಸಿದ. ಇಂಜಿನ್ ಚಾಲೂ ಆಯಿತು.

"ಹೊರಟುಬಿಡಿ ರಘುಪತಿಯವರೇ" ಅಂದ ಸಂದೇಶ. "ದಾರೀಲಿ ಆಫ್ ಮಾಡ್ಬೇಡಿ, ಅಷ್ಟೇ."

"ಹೌದು, ಹೋಗಿಬಿಡೋಣ" ಅಂದಳು ಅರ್ಪಣಾ. "ಅಲ್ಲಿ ನಿಂತ್ರೂ ಅವರ ಮನೇಲಿ ಟ್ರ್ಯಾಕ್ಟರ್ ಇದೆ, ಜನ ಇದ್ದಾರೆ. ಎಂತಾದ್ರೂ ಮಾಡ್ತಾರೆ."

ರಘುಪತಿಗೆ ಹೋದ ಮಳೆಗಾಲದ ನೆನಪು ಬಂತು. ಮೇಗುಂದದ ಹತ್ತಿರ ಕಾಡಿನ ತಿರುವಿನಲ್ಲಿ ಇದೇ ಕಾರು ನಿಂತು, ಫೋನಿಗೆ ನೆಟ್‌ವರ್ಕ್ ಸಿಗದೆ, ತಾಯಿಯನ್ನು ಕೂರಿಸಿಕೊಂಡು ಮಧ್ಯಾಹ್ನದವರೆಗೂ ಯಾವುದಾದರೂ ಜೀಪು ಬರಲೆಂದು ಕಾದಿದ್ದ. ಅಂದು ಸುಬ್ಬಮ್ಮ ಚಳಿಗೆ ನಡುಗಿದ್ದು ಅವನ ಕಣ್ಣಿಗೆ ಕಟ್ಟಿದಂತಿತ್ತು.

"ಬೇಡ. ಮೊದಲು ಬ್ಯಾಟರಿ ಹಾಕಿಸ್ತೀನಿ. ಆಮೇಲೆ ನಿಶ್ಚಿಂತೆಯಾಗಿ ಹೋಗೋಣ."

"ಕೂತಿದ್ದಾಯ್ತಲ್ಲ ಮಾಣಿ" ಅಂದರು ಸುಬ್ಬಮ್ಮ.

"ಇಳೀರಿ ಅಮ್ಮ. ಇವತ್ತಲ್ಲ ನಾಳೆ."

ತಾಯಿಯನ್ನು ಇಳಿಸಿ, ಇಂಜಿನ್ ಆರಿಸದೆ ನೇರ ಶಾಂತವೀರಪ್ಪನ ಬ್ಯಾಟರಿ ಅಂಗಡಿಗೆ ಹೋದ. ಭಾನುವಾರವೂ ಅರ್ಧ ದಿನ ಬಾಗಿಲು ತೆರೆದಿರುತ್ತಿತ್ತು. ಶಾಂತವೀರಪ್ಪ ಮೀಟರು ಹಿಡಿದು ನೋಡಿ ತಲೆಯಾಡಿಸಿದ. "ಇದರ ಆಯಸ್ಸು ಮುಗೀತು. ನಿಮ್ಮ ಕಾರಿಗೆ ಆಗೋದು ಒಂದೇ ಒಂದಿದೆ, ಈಗ್ಲೇ ಕೂರಿಸಿಕೊಡ್ತೀನಿ. ಒಂದು ಕಾಫಿ ಕುಡಿಯೋದ್ರೊಳಗೆ ಆಗುತ್ತೆ."

ರಘುಪತಿ ಆ ಬ್ಯಾಟರಿಯನ್ನು ತಿರುಗಿಸಿ ಮೇಲೆ ಕೊರೆದಿದ್ದ ತಾರೀಕು ಹುಡುಕಿದ. "ಇದು ಹೋದ ಮೇ ತಿಂಗಳದ್ದು."

"ಚಾರ್ಜ್ ಮಾಡಿಯೇ ಇಟ್ಟಿದ್ದೀನಿ. ವಾರಂಟಿ ಇವತ್ತಿಂದ ಬರ್ಕೊಡ್ತೀನಿ."

"ಇಷ್ಟು ತಿಂಗಳು ಸುಮ್ನೆ ಕೂತಿದೆಯಲ್ಲ. ಹೊಸ ಸ್ಟಾಕ್ ಬರಲ್ವಾ?"

"ಔಷಧಿ ಅಲ್ಲ ಮಾರಾಯ್ರೆ, ಬ್ಯಾಟರಿ" ಎಂದು ಶಾಂತವೀರಪ್ಪ ನಕ್ಕ. "ಅರ್ಜೆಂಟ್ ಇದ್ರೆ ಇದನ್ನ ಹಾಕ್ಕೊಳ್ಳಿ. ಇಲ್ಲಾಂದ್ರೆ ನಿಮ್ಮಿಷ್ಟ."

ಅರ್ಜೆಂಟ್ ಇದೆ ಎಂದು ಹೇಳಬೇಕಿತ್ತು. "ನೋಡಿ ಹೇಳ್ತೀನಿ" ಎಂದು ರಘುಪತಿ ಹೊರಟುಬಂದ.

ಮನೆಯಲ್ಲಿ ಊಟಕ್ಕೆ ಕೂತಾಗ ಅರ್ಪಣಾ, "ಬಾಡಿಗೆ ಕಾರು ಹೇಳೋಣ, ನಾಳೆಯೇ ಹೋಗಿಬರೋಣ" ಅಂದಳು.

"ಮನೇಲಿ ಕಾರಿಟ್ಕೊಂಡು ಬಾಡಿಗೆ ಕಾರಲ್ಲಿ ಹೋಗಿ ಇಳಿಯೋದಾ? ಅವರು ಎಂತ ಅಂದ್ಕೊಳ್ತಾರೆ?"

"ಬಂದ್ರಲ್ಲ ಅಂದ್ಕೊಳ್ತಾರೆ."

ಅರ್ಪಣಾ ಹೇಳಿದ್ದು ತಪ್ಪು ಅಂತ ರಘುಪತಿಗೆ ಅನ್ನಿಸಲಿಲ್ಲ. ಆದರೆ ಹಾಲು ಕೊಟ್ಟು ಬದುಕಿಸಿದವಳ ಅಂಗಳಕ್ಕೆ ತಾಯಿಯನ್ನು ತಾನೇ, ತನ್ನ ಕಾರಿನಲ್ಲೇ ಕರೆದುಕೊಂಡು ಹೋಗಬೇಕು ಎಂಬ ಆಸೆಯೊಂದು ಅವನೊಳಗೆ ಇತ್ತು. ಅದು ಎಂಥ ಬಿಂಕದ ಆಸೆ ಎಂದು ಆಗ ತಿಳಿಯಲಿಲ್ಲ.

ಮರುದಿನದಿಂದ ಹುಡುಕಾಟ ಶುರುವಾಯಿತು. ಜಯಪುರದ ಅಂಗಡಿಯಲ್ಲಿ ಹೊಸ ಬ್ಯಾಟರಿ ಇತ್ತು, ಆದರೆ ಪ್ಲಸ್ಸು ಮೈನಸ್ಸು ಅದಲು ಬದಲಾಗಿದ್ದು ಕಾರಿನ ಕೇಬಲ್ ಆ ಕಡೆಗೆ ಎಟಕುತ್ತಿರಲಿಲ್ಲ. ತುಂಡು ಕೇಬಲ್ ಸೇರಿಸಿ ಕೊಡುತ್ತೇನೆಂದ ಅಂಗಡಿಯವನು. ಸೇರಿಸಿದ ಜಾಗ ಬಿಸಿಯಾದರೆ? ರಘುಪತಿ ಬೇಡವೆಂದ. ಶೃಂಗೇರಿಯ ಸ್ನೇಹಿತ ದೊಡ್ಡ ಬ್ಯಾಟರಿ ಹಾಕಿಸು, ಚಳಿಗಾಲಕ್ಕೆ ಒಳ್ಳೆಯದು ಎಂದ. ನರಸಿಂಹರಾಜಪುರದ ಇನ್ನೊಬ್ಬ, ಕಂಪನಿಯವರು ಕೊಟ್ಟ ಅಳತೆಯನ್ನು ಮೀರಬೇಡ ಎಂದ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ರಘುಪತಿ ಮೊಬೈಲಿನಲ್ಲಿ ವಿಡಿಯೋ ನೋಡಿದ. ವಾರಂಟಿಯಲ್ಲಿ ಪೂರ್ತಿ ಬದಲಿಸಿ ಕೊಡುವ ಅವಧಿ ಎಷ್ಟು, ನೀರು ಹಾಕುವ ತಾಪತ್ರಯ ಇದೆಯೋ ಇಲ್ಲವೋ ಎಂದು ಒಂದಕ್ಕೊಂದು ತೂಗಿದ. ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ಅವನಿಗೆ ಒಂಥರಾ ಹುರುಪೇ ಇತ್ತು. ತಾಯಿಗಾಗಿಯೇ ಇಷ್ಟೆಲ್ಲ ಮಾಡುತ್ತಿದ್ದೇನೆ ಎಂಬ ನೆಮ್ಮದಿ ಬೇರೆ.

ಕೊನೆಗೆ ಶಿವಮೊಗ್ಗದ ಡೀಲರನಿಗೆ ಫೋನ್ ಮಾಡಿ, ಅದೇ ತಿಂಗಳು ತಯಾರಾದದ್ದನ್ನೇ ಕಳಿಸಬೇಕೆಂದು ಹೇಳಿದ. ನಡುವೆ ಸಂಕ್ರಾಂತಿ ರಜೆ ಬಂತು. ಬ್ಯಾಟರಿ ತಡವಾಯಿತು.

ಸುಬ್ಬಮ್ಮ ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೇಳುತ್ತಿದ್ದರು. "ಬಂತಾ ಮಾಣಿ?"

"ನಾಳೆ ಬರುತ್ತೆ ಅಮ್ಮ."

ಬುಧವಾರ ನಯನ ಮತ್ತೆ ಫೋನ್ ಮಾಡಿ ಅತ್ತೆಯ ಕಿವಿಗೆ ಹಿಡಿದಳು. ಇತ್ತ ಸುಬ್ಬಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೂಗಿದರು. "ಸುಲೋಚನೆ! ಬರ್ತೀನಿ ಕಣೇ! ಕಾರಿಗೆ ಅದೆಂತದೋ ಬರ್ಬೇಕಂತೆ!"

ಆ ಕಡೆಯಿಂದ ಕ್ಷೀಣವಾಗಿ, "ಸುಬ್ಬೂ, ಎಲ್ಲಿದ್ದೀಯೆ? ಬಂದ್ಯಾ?" ಎಂದು ಕೇಳಿಸಿತು. ಫೋನಿನಲ್ಲಿ ಮಾತಾಡುತ್ತಿದ್ದೇವೆ ಎಂಬುದೇ ಸುಲೋಚನಮ್ಮನಿಗೆ ತಿಳಿದಂತಿರಲಿಲ್ಲ. ಸುಬ್ಬಮ್ಮ ಮಗನ ಮುಖ ನೋಡಿದರು. ಅವನು ಅಂಗಡಿಗೆ ಹೊತ್ತಾಯಿತೆಂದು ಎದ್ದ.

ಶನಿವಾರ ಮಧ್ಯಾಹ್ನ ಬಸ್ಸಿನ ಪಾರ್ಸೆಲಿನಲ್ಲಿ ಬ್ಯಾಟರಿ ಬಂತು. ಶಾಂತವೀರಪ್ಪನೇ ಮುನಿಸಿಲ್ಲದೆ ಕೂರಿಸಿಕೊಟ್ಟ. ಕೀ ಮುಟ್ಟಿದ್ದೇ ತಡ, ಇಂಜಿನ್ ಗುರ್ರೆಂದಿತು. ರಘುಪತಿ ಮನೆಯ ಮುಂದೆ ಸುಮ್ಮನೆ ಎರಡು ಸಲ ಆರಿಸಿ ಮತ್ತೆ ಚಾಲೂ ಮಾಡಿ ಅರ್ಪಣಾಳನ್ನು ಕರೆದು ಕೇಳಿಸಿದ. ಅವಳು "ಒಳ್ಳೇದಾಯ್ತು" ಎಂದಷ್ಟೇ ಹೇಳಿ ಒಳಗೆ ಹೋದಳು.

ಭಾನುವಾರ ಹೊರಟರು. ದಾರಿಯುದ್ದಕ್ಕೂ ಸುಬ್ಬಮ್ಮ ಖುಷಿಯಲ್ಲಿದ್ದರು. ಕಡಹಿನಬೈಲಿನ ಗದ್ದೆ ಕಂಡಾಗ, "ಇಲ್ಲೇ ಅವಳು ನಂಗೆ ನಾಟಿ ಕಲಿಸೋಕೆ ಹೋಗಿ ಇಬ್ರೂ ಕೆಸರಲ್ಲಿ ಕೂತ್ವಿ" ಎಂದು ನಕ್ಕರು.

ಕಾರಿನ ಸದ್ದಿಗೆ ನಯನ ಅಂಗಳಕ್ಕೆ ಬಂದಳು. ಅವಳ ಮುಖ ನೋಡಿದ ಕೂಡಲೇ ಅರ್ಪಣಾ ಅತ್ತೆಯ ತೋಳು ಹಿಡಿದಳು.

"ಮೊನ್ನೆ ಸಂಜೆಯಿಂದ ಮಾತಿಲ್ಲ ರಘಣ್ಣ. ಕಣ್ಣೂ ಬಿಡ್ತಿಲ್ಲ. ಫೋನ್ ಮಾಡೋಣ ಅಂದ್ಕೊಂಡೆ, ಹೇಗೂ ಇವತ್ತೋ ನಾಳೆಯೋ ಬರ್ತೀರಲ್ಲ ಅಂತ ಸುಮ್ನಾದೆ."

ಸುಬ್ಬಮ್ಮನಿಗೆ ಮಂಚದ ಪಕ್ಕ ಕುರ್ಚಿ ಹಾಕಿದರು. ಸುಲೋಚನಮ್ಮ ಒಣಗಿದ ಕೊತ್ತಂಬರಿ ಕಟ್ಟಿನಂತೆ ಹಾಸಿಗೆಯಲ್ಲಿ ಸಣ್ಣಗಾಗಿದ್ದರು. ಉಸಿರು ಮಾತ್ರ ಎದೆಯಲ್ಲಿ ಏರಿಳಿಯುತ್ತಿತ್ತು.

"ಸುಲೋಚನೆ, ನಾನು ಕಣೇ. ಸುಬ್ಬು. ಬಂದಿದ್ದೀನಿ ನೋಡೇ."

ಸುಬ್ಬಮ್ಮ ಅವರ ಕೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ಒಂದೊಂದೇ ಬೆರಳು ನೀವುತ್ತಾ ಮಾತಾಡಿಸಿದರು. ಹಳೆಯ ಬಾವಿಯ ಮಾತು, ಸತ್ತುಹೋದ ಹಸುವಿನ ಮಾತು, ಇಬ್ಬರಿಗಷ್ಟೇ ಗೊತ್ತಿದ್ದ ಯಾರದೋ ಅಡ್ಡಹೆಸರು. ಹೇಳಿ ಹೇಳಿ ದಣಿದು, ಆಮೇಲೆ ಬರೀ ಬೆರಳು ನೀವುತ್ತಾ ಕುಳಿತರು.

ರಘುಪತಿಗೆ ಒಳಗೆ ನಿಲ್ಲಲಾಗಲಿಲ್ಲ. ಹಿತ್ತಲ ಕಟ್ಟೆಯ ಮೇಲೆ ಕೂತ. ನಯನ ಕಾಫಿ ತಂದುಕೊಟ್ಟು ಅಲ್ಲೇ ನಿಂತಳು.

"ಹೋದ ಭಾನುವಾರ ಚೆನ್ನಾಗಿದ್ರು" ಅಂದಳು. "ನೀವು ಬರ್ತೀರಿ ಅಂತ ತಲೆ ಬಾಚಿಸ್ಕೊಂಡ್ರು. ನಿಮ್ಮನ್ನ ಮಡಿಲಿಗೆ ಹಾಕ್ಕೊಂಡಾಗ ಹಲ್ಲಿಲ್ಲದ ಬಾಯಲ್ಲೇ ಕಚ್ಚಿದ್ರಂತಲ್ಲ, ಅದನ್ನ ಹೇಳಿ ನಕ್ಕಿದ್ದೇ ನಕ್ಕಿದ್ದು."

"ಕಾರು ಕೆಟ್ಟಿತ್ತು ನಯನ."

"ಹೌದಲ್ಲ, ಹೇಳಿದ್ದೆ ಅತ್ತೆಗೆ. ಪಾಪ, ಸುಬ್ಬಮ್ಮನ್ನ ಕೂರಿಸ್ಕೊಂಡು ದಾರೀಲಿ ನಿಂತ್ರೆ ಕಷ್ಟ, ನಿಧಾನಕ್ಕೆ ಬರ್ಲಿ ಅಂತ ಅವರೇ ಅಂದ್ರು."

ಅವಳು ಒಂದು ಮಾತು ಬೈದಿದ್ದರೇ ಚೆನ್ನಾಗಿತ್ತು. ಶಾಂತವೀರಪ್ಪನ ಅಂಗಡಿಯಲ್ಲಿದ್ದ ಆ ಬ್ಯಾಟರಿ ಹಾಕಿಸಿಕೊಂಡಿದ್ದರೆ ಅಂದು ಮಧ್ಯಾಹ್ನದ ಊಟಕ್ಕೇ ಇಲ್ಲಿ ಬಂದಿರಬಹುದಿತ್ತು. ಬಾಡಿಗೆ ಕಾರಿನಲ್ಲಾದರೆ ಸೋಮವಾರ. ಬುಧವಾರವೂ ಬರಬಹುದಿತ್ತು, ಆಗಿನ್ನೂ ಮಾತಿತ್ತು. ಲೋಟವನ್ನು ಕಟ್ಟೆಯ ಮೇಲಿಟ್ಟು ರಘುಪತಿ ಒಳಗೆ ಹೋಗಿ ಸುಲೋಚನಮ್ಮನ ಕಾಲ ಹತ್ತಿರ ನೆಲದ ಮೇಲೆ ಕುಳಿತ. "ಅಮ್ಮ" ಎಂದು ಕರೆದ. ಅವರ ತುಟಿಗೆ ಚಮಚದಲ್ಲಿ ನೀರು ಬಿಟ್ಟ. ಅದು ಕೆನ್ನೆಯ ಮೇಲೆ ಹರಿದುಹೋಯಿತು.

ಸುಲೋಚನಮ್ಮ ಎರಡು ದಿನ ಬಿಟ್ಟು ತೀರಿಕೊಂಡರು. ಸುದ್ದಿ ಬಂದಾಗ ರಘುಪತಿ ಕಾರು ಹೊರತೆಗೆದು ತಾಯಿಯನ್ನು ಕರೆದ.

"ನಾನು ಬರಲ್ಲ" ಅಂದರು ಸುಬ್ಬಮ್ಮ. "ಅವಳ ಹತ್ರ ಮಾತಾಡ್ಬೇಕಿತ್ತು. ಅವಳನ್ನ ಹೊತ್ಕೊಂಡು ಹೋಗೋದು ನೋಡ್ಬೇಕಿರ್ಲಿಲ್ಲ. ನೀವಿಬ್ರೂ ಹೋಗಿಬನ್ನಿ."

ಅಲ್ಲಿ ಚಟ್ಟ ಎತ್ತುವ ಹೊತ್ತಿಗೆ ನಯನಳ ಗಂಡ ಜನರ ನಡುವೆ ಹಿಂದೆ ನಿಂತಿದ್ದ ರಘುಪತಿಯನ್ನು ಹುಡುಕಿಕೊಂಡು ಬಂದು, "ನೀನೂ ಹೆಗಲು ಕೊಡು ಮಾರಾಯ. ಅವ್ವಂಗೆ ನೀನೂ ಮಗನೇ ಅಲ್ವಾ" ಅಂದ. ಸುತ್ತ ನಿಂತವರು ದಾರಿ ಬಿಟ್ಟರು. ರಘುಪತಿ ಹೆಗಲು ಕೊಟ್ಟ. ಭಾರವೇ ಇರಲಿಲ್ಲ. ಗದ್ದೆಯ ಬದುವಿನ ಮೇಲೆ ನಡೆಯುವಾಗ ಅವನ ಕಾಲು ಎರಡು ಸಲ ತಪ್ಪಿತು, ಎರಡೂ ಸಲ ಪಕ್ಕದವರು ಹಿಡಿದುಕೊಂಡರು.

ಮನೆಗೆ ಬಂದು ಸ್ನಾನ ಮಾಡಿ, ಒದ್ದೆ ತಲೆಯಲ್ಲೇ ತಾಯಿಯ ಹತ್ತಿರ ಬಂದು ಕುಳಿತ.

"ಅವತ್ತೇ ಹೋಗ್ಬೇಕಿತ್ತು ಅಮ್ಮ" ಅಂದ.

ಇರಲಿ ಬಿಡು, ಅವಳ ಹಣೆಬರಹ ಎಂದು ತಾಯಿ ಅನ್ನಬಹುದೆಂದು ಕಾದ. ಸುಬ್ಬಮ್ಮ ಹಾಗೆ ಅನ್ನಲಿಲ್ಲ. "ಹೌದು ಮಾಣಿ" ಅಂದರು. "ಹೋಗ್ಬೇಕಿತ್ತು."

ದನಿಯಲ್ಲಿ ಸಿಟ್ಟಿರಲಿಲ್ಲ. ಸಮಾಧಾನವೂ ಇರಲಿಲ್ಲ. ಅರ್ಪಣಾಳ ಕಡೆ ತಿರುಗಿ, "ಯಾವ ಸೀರೆ ಉಡಿಸಿದ್ರು?" ಎಂದು ಕೇಳಿದರು.

"ಹಸಿರು, ಅತ್ತೆ. ಕೆಂಪು ಅಂಚು."

"ಹಸಿರು ಒಪ್ತಿತ್ತು ಅವಳಿಗೆ" ಎಂದು ಸುಬ್ಬಮ್ಮ ಗೋಡೆಯ ಕಡೆಗೆ ಮಗ್ಗುಲಾಗಿ ಮಲಗಿದರು. ರಘುಪತಿ ಅವರ ಕಾಲಿನ ಮೇಲೆ ಹೊದಿಕೆ ಎಳೆದು, ಏಳಲು ಮನಸ್ಸಾಗದೆ ಅಲ್ಲೇ ಕುಳಿತ.